ಇಲ್ಲದ ಫಿಲ್ಮ್ ಸಿಟಿಗೆ ಒಂದು ದಿನದ ಟೂರ್

ಹೈದರಾಬಾದ್ ಟೂರ್ ಮುಗಿಸ್ಕೊಂಡು ಬಂದೋರ ಮನೆಗೆ ಹೋದ್ರೆ ಕಾಫಿಗಿಂತ ಮುಂಚೆ ಫೋನ್ ಬರುತ್ತೆ. ಚಾರ್‌ಮಿನಾರ್‌ದು ಎರಡು ಫೋಟೋ, ಗೋಲ್ಕೊಂಡದ್ದು ಒಂದು, ಅದರಲ್ಲೂ ಮನೆ ಯಜಮಾನ್ರು ಬಿಸಿಲಿಗೆ ಮುಖ ಗಂಟು ಹಾಕ್ಕೊಂಡು ನಿಂತಿರ್ತಾರೆ, ಆಮೇಲೆ ಶುರುವಾಗುತ್ತೆ ನೋಡಿ ರಾಮೋಜಿ ಫಿಲ್ಮ್ ಸಿಟಿ, ಬೆರಳು ನೋಯೋವರೆಗೂ ತಳ್ತಾನೇ ಇರಬೇಕು. ನಿಜವಾದ ಕಲ್ಲಿನ ಕೋಟೆ ಹತ್ತುವಾಗ "ಏನ್ರೀ ಇದು, ಮೆಟ್ಲು ಮುಗಿಯೋದೇ ಇಲ್ವಲ್ಲ" ಅಂತ ಗೊಣಗಿದ ಅದೇ ಯಜಮಾನ್ರು ಫೈಬರ್ ಕೋಟೆ ಮುಂದೆ ಕೈ ಕಟ್ಕೊಂಡು ನಿಂತು "ಆಹಾ, ಏನ್ ಕೆಲಸ ಮಾಡಿದಾರೆ ನೋಡೇ" ಅಂತ ಹೆಂಡತಿಗೆ ತೋರಿಸ್ತಿರ್ತಾರೆ. ತಟ್ಟಿ ನೋಡಿದ್ರೆ ಟೊಳ್ಳು ಸದ್ದು ಬರುತ್ತೆ, ಆ ಸದ್ದು ಕೇಳಿ ಇನ್ನೂ ಖುಷಿ.

ಅವರದ್ದೇನು ತಪ್ಪಿಲ್ಲ ಬಿಡಿ. 1996ರಲ್ಲಿ ಶುರುವಾದ ಜಾಗ, 1666 ಎಕರೆ, ಪ್ರಪಂಚದಲ್ಲೇ ಅತಿ ದೊಡ್ಡ ಸ್ಟುಡಿಯೋ ಅಂತ ಗಿನ್ನೆಸ್‌ನವರೇ ಬರ್ಕೊಂಡಿದಾರೆ. ಸ್ಕ್ರಿಪ್ಟ್ ಹಿಡ್ಕೊಂಡು ಒಳಗೆ ಹೋದ ಡೈರೆಕ್ಟರು ಪೂರ್ತಿ ಸಿನಿಮಾ ಹಿಡ್ಕೊಂಡೇ ಹೊರಗೆ ಬರಬೇಕು ಅನ್ನೋದು ಅದರ ಲೆಕ್ಕಾಚಾರ. ನಮ್ಮೋರು ಪುಳಿಯೋಗರೆ ಡಬ್ಬಿ ಹಿಡ್ಕೊಂಡು ಹೋಗಿ ಸೆಲ್ಫಿ ಹಿಡ್ಕೊಂಡು ಬರ್ತಾರೆ. ಆ ಕಡೆ ಮುಂಬೈ ಗೋರೆಗಾಂವ್‌ನಲ್ಲಿ 1977ರಿಂದ ಸರ್ಕಾರದ್ದೇ ಒಂದು ಚಿತ್ರನಗರಿ ಇದೆ, ದಾದಾಸಾಹೇಬ್ ಫಾಲ್ಕೆ ಹೆಸರಲ್ಲಿ, ಪಕ್ಕದಲ್ಲೇ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕು, ಹಾಗಾಗಿ ಆಗಾಗ ಚಿರತೆ ಸೆಟ್ ಒಳಗೆ ಬಂದು ಹೋಗುತ್ತೆ. ಇಡೀ ಚಿತ್ರನಗರಿಲಿ ಡೂಪ್ ಇಲ್ಲದೆ ಕೆಲಸ ಮಾಡೋ ಕಲಾವಿದ ಅದೊಂದೇ ಅನ್ಸುತ್ತೆ.

ಈ ಸ್ಟುಡಿಯೋ ಟೂರ್ ಅನ್ನೋದರಲ್ಲಿ ಸಿನಿಮಾ ಒಂದು ಬಿಟ್ಟು ಬಾಕಿ ಎಲ್ಲಾ ತೋರಿಸ್ತಾರೆ. ರೈಲು ಬರದ ರೈಲ್ವೆ ಸ್ಟೇಷನ್ ತೋರಿಸ್ತಾರೆ, ಬೋರ್ಡ್ ಬದಲಾಯಿಸಿದ್ರೆ ಮೈಸೂರು, ಇನ್ನೊಂದು ಹಾಕಿದ್ರೆ ಮಥುರಾ. ವಿಮಾನ ಇಳಿಯದ ಏರ್‌ಪೋರ್ಟ್ ತೋರಿಸ್ತಾರೆ, ಅದೇ ಬಿಲ್ಡಿಂಗಿನ ಹಿಂದೆ ಹೋದ್ರೆ ಆಸ್ಪತ್ರೆ, ಪಕ್ಕಕ್ಕೆ ಹೋದ್ರೆ ಕಾಲೇಜು. ಕೈದಿಗಳಿಲ್ಲದ ಜೈಲಲ್ಲಿ ಮದುವೆಯಾಗಿ ಒಂದು ತಿಂಗಳಾದ ಜೋಡಿ ಕಂಬಿ ಹಿಡ್ಕೊಂಡು ನಗ್ತಾ ಫೋಟೋ ತೆಗೆಸ್ಕೊಳ್ತಾರೆ, ಅದೇನು ಮುನ್ಸೂಚನೆಯೋ ದೇವರಿಗೇ ಗೊತ್ತು. "ತೆರೆ ಹಿಂದಿನ ಲೋಕ ನೋಡಿ" ಅಂತ ಪೋಸ್ಟರ್ ಹಾಕಿರ್ತಾರೆ, ಸೆಟ್ ಹಿಂದೆ ಹೋಗೋಣ ಅಂದ್ರೆ ಹಗ್ಗ ಕಟ್ಟಿ ಪ್ರವೇಶವಿಲ್ಲ ಅಂತ ಬೋರ್ಡ್ ಇರುತ್ತೆ. ಅಪ್ಪಿತಪ್ಪಿ ಎಲ್ಲಾದ್ರೂ ನಿಜವಾಗ್ಲೂ ಶೂಟಿಂಗ್ ನಡೀತಿದ್ರೆ ಬಸ್ಸು ಆ ರಸ್ತೇನೇ ಬಿಟ್ಟು ಬೇರೆ ರಸ್ತೆಗೆ ತಿರುಗುತ್ತೆ, ಗೈಡು ಮೈಕಲ್ಲಿ "ಆ ಕಡೆ ಶೂಟಿಂಗ್ ಇದೆ, ಫೋನ್ ಒಳಗಿಡಿ" ಅಂತಾನೆ. ಸಿನಿಮಾ ಸ್ಟುಡಿಯೋ ನೋಡೋಕೆ ದುಡ್ಡು ಕೊಟ್ಟು ಬಂದೋರಿಗೆ ಇವತ್ತು ಸಿನಿಮಾ ನಡೀತಿರೋದೇ ಒಂದು ಅಡಚಣೆ.

ಒಂದು ಲೆಕ್ಕದಲ್ಲಿ ತೋರಿಸದೇ ಇರೋದೇ ಒಳ್ಳೇದು. ನಿಜವಾದ ಶೂಟಿಂಗ್ ನೋಡಿದೋರಿಗೆ ಗೊತ್ತು ಅದರ ಕಥೆ, ಒಂದು ಶಾಟ್‌ಗೆ ಲೈಟ್ ಸೆಟ್ ಮಾಡೋಕೇ ಗಂಟೆಗಟ್ಲೆ, ಹೀರೋ ಕ್ಯಾರವಾನ್ ಒಳಗೆ, ಹೀರೋಯಿನ್ ಇನ್ನೊಂದು ಕ್ಯಾರವಾನ್ ಒಳಗೆ, ಹೊರಗೆ ಬಿಸಿಲಲ್ಲಿ ಜೂನಿಯರ್ ಆರ್ಟಿಸ್ಟುಗಳು ರಾಜಸ್ಥಾನಿ ಪೇಟ ಸುತ್ಕೊಂಡು ಪ್ಲಾಸ್ಟಿಕ್ ಕುರ್ಚಿ ಸಿಗುತ್ತಾ ಅಂತ ನೋಡ್ತಿರ್ತಾರೆ, ಮೇಲೆ ಕಟ್ಟಿರೋ ಹಲಗೆ ಮೇಲೆ ಲೈಟ್ ಬಾಯ್ ಕೂತು ಬೆಳಗ್ಗಿಂದ ಇಳಿದಿರಲ್ಲ. ತೆರೆ ಹಿಂದೆ ಅಂದ್ರೆ ಇವರೇ. ಸೆಟ್ ಹೊಡೆಯೋ ಬಡಗಿ, ಪಿಓಪಿ ಅಚ್ಚು ತೆಗೆಯೋನು, ಪ್ರೊಡಕ್ಷನ್ ಊಟ ಬಡಿಸೋನು. ಇವರು ಯಾರೂ ಟೂರ್‌ನ ಮ್ಯಾಪಲ್ಲಿ ಇಲ್ಲ. ಬದಲಿಗೆ ಒಂದು ಹಾಲ್ ಒಳಗೆ ಕೂರಿಸಿ, ಗುಂಪಿಂದ ಒಂದು ಹುಡುಗೀನ ಕರೆದು ಕುದುರೆ ಇಲ್ಲದ ಜಟಕಾ ಮೇಲೆ ಕೂರಿಸಿ, ಇಬ್ಬರ ಕೈಲಿ ಜಟಕಾ ಅಲ್ಲಾಡಿಸಿ, ಇನ್ನೊಬ್ಬರ ಕೈಲಿ ಚಿಪ್ಪು ಕುಟ್ಟಿಸಿ ಟಕಟಕ ಸದ್ದು ಮಾಡಿಸಿ, ಹಿಂದಿರೋ ಹಸಿರು ಪರದೆ ಜಾಗದಲ್ಲಿ ಕಾಡು ಮೇಡು ಓಡಿಸಿ "ನೋಡಿ, ಸಿನಿಮಾ ಅಂದ್ರೆ ಇಷ್ಟೇ" ಅಂತಾರೆ. ಜನ ಎದ್ದು ಚಪ್ಪಾಳೆ ಹೊಡೀತಾರೆ. ಜಟಕಾ ಅಲ್ಲಾಡಿಸಿದ ಅಂಕಲ್‌ಗೆ ಆಮೇಲೆ ಎರಡು ದಿನ ಸೊಂಟ ನೋವು.

ಸರಿ, ಫೋಟೋ ಎಲ್ಲಾ ಮುಗೀತು, ಕಾಫಿನೂ ಬಂತು ಅಂದ್ಕೊಳ್ಳಿ. ಆಗ ಮನೆ ಯಜಮಾನ್ರು ನಿಟ್ಟುಸಿರು ಬಿಟ್ಟು ಒಂದು ಮಾತು ಹೇಳೇ ಹೇಳ್ತಾರೆ: "ನಮ್ಮ ಕರ್ನಾಟಕದಲ್ಲೂ ಇಂಥದ್ದೊಂದು ಇರಬೇಕಿತ್ತು ಕಣ್ರೀ."

ಇಲ್ಲಿ ನನಗೆ ಸಿಟ್ಟು ಬರುತ್ತೆ. ಇಲ್ಲ ಅಂತ ಯಾರು ಹೇಳಿದ್ದು? ನಮ್ಮದೂ ಇದೆ, ರಾಮೋಜಿಯವರದ್ದಕ್ಕಿಂತ ದೊಡ್ಡದು, ಅವರದ್ದು ಒಂದೇ ಕಡೆ ಇದೆ ನಮ್ಮದು ಹೆಸರಘಟ್ಟದಿಂದ ನಂಜನಗೂಡು ತಾಲೂಕಿನ ತನಕ ಹಬ್ಬಿದೆ. ಕಣ್ಣಿಗೆ ಕಾಣಲ್ಲ ಅಷ್ಟೇ. ಮೊದಲಿಂದಲೂ ನಾವು ಸ್ಟುಡಿಯೋ ವಿಷಯದಲ್ಲಿ ಉದಾರಿಗಳು, ನಮ್ಮ ಮೊದಲ ಮಾತಿನ ಚಿತ್ರ ಸತಿ ಸುಲೋಚನ 1934ರಲ್ಲಿ ತಯಾರಾಗಿದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ, ಆಮೇಲೆ ಎಷ್ಟೋ ವರ್ಷ ಕನ್ನಡ ಸಿನಿಮಾ ಅಂದ್ರೆ ಮದ್ರಾಸಿನ ಟ್ರೈನ್ ಹತ್ತೋದು, ಈಗ ಹೈದರಾಬಾದಿನ ಫ್ಲೈಟ್ ಹತ್ತೋದು. ಪಕ್ಕದ ಮನೆಯವರ ಅಂಗಳ ಇಷ್ಟು ಚೆನ್ನಾಗಿರುವಾಗ ನಾವ್ಯಾಕೆ ಗುಡಿಸಬೇಕು ಅನ್ನೋ ದೊಡ್ಡ ಮನಸ್ಸು.

ಹಾಗಾಗಿ ನಾನೇ ಒಂದು ಟೂರ್ ಪ್ಯಾಕೇಜ್ ಶುರು ಮಾಡೋಣ ಅಂತಿದೀನಿ. "ಕರ್ನಾಟಕ ಫಿಲ್ಮ್ ಸಿಟಿ ದರ್ಶನ", ಒಂದು ದಿನ, ಊಟ ತಿಂಡಿ ಸೇರಿ. ಟಿಕೆಟ್ 200 ರೂಪಾಯಿ ದಾಟಲ್ಲ ಅಂತ ಹೇಳೋಣ ಅಂತಿದ್ದೆ, ಆದ್ರೆ ಸಿನಿಮಾ ಟಿಕೆಟ್ 200 ದಾಟಬಾರದು ಅಂತ 2025ರಲ್ಲಿ ಸರ್ಕಾರ ರೂಲ್ ತಂದ್ರೆ ಅದೇ ತಿಂಗಳು ಹೈಕೋರ್ಟ್ ತಡೆ ಕೊಡ್ತಲ್ಲ, ಸುಮ್ನೆ ಯಾಕೆ, ಬಸ್ ಹತ್ತಿದ ಮೇಲೆ ಮಾತಾಡ್ಕೊಳೋಣ.

ಬೆಳಗ್ಗೆ ಏಳಕ್ಕೆ ವಿಧಾನಸೌಧದ ಮುಂದೆ ಪಿಕಪ್. ರೂಟ್ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಫಿಲ್ಮ್ ಸಿಟಿ ಘೋಷಣೆಗಳ ಕಾಲಾನುಕ್ರಮದಲ್ಲಿ ಹೋಗೋದಾದ್ರೆ ಸಿದ್ದರಾಮಯ್ಯನವರ ಮೊದಲ ಅವಧಿಯ ಮೈಸೂರಿಂದ ಶುರು ಮಾಡಿ, 2018ಕ್ಕೆ ರಾಮನಗರಕ್ಕೆ ಬಂದು, 2019ಕ್ಕೆ ಕನಕಪುರ ರಸ್ತೆಗೆ ಹಾರಿ, ಆಮೇಲೆ ಹೆಸರಘಟ್ಟಕ್ಕೆ ಏರಿ, 2025ಕ್ಕೆ ಮತ್ತೆ ಮೈಸೂರಿಗೇ ವಾಪಸ್ ಹೋಗಬೇಕು. ಡೀಸೆಲ್ ರೇಟಲ್ಲಿ ಅದು ಆಗೋ ಮಾತಲ್ಲ. ಅದಕ್ಕೇ ನಮ್ಮ ಟೂರ್ ಹೆಸರಘಟ್ಟದಿಂದ ಹಿಂದಕ್ಕೆ ಹೋಗುತ್ತೆ, ಪೂರ್ತಿ ಫ್ಲ್ಯಾಶ್‌ಬ್ಯಾಕ್.

ಮೊದಲನೇ ಸ್ಟಾಪ್ ಹೆಸರಘಟ್ಟ. ಬಸ್ಸಿಂದ ಇಳಿದ್ರೆ ಕಣ್ಣು ಹಾಯೋವರೆಗೂ ಹುಲ್ಲು. ಗೈಡ್ ಕೈ ಚಾಚಿ ತೋರಿಸ್ತಾನೆ, "ಇಲ್ಲಿ ನೋಡಿ ಸಾರ್ ಡಬ್ಬಿಂಗ್ ಥಿಯೇಟರ್, ಅಲ್ಲಿ ಆ ಪೊದೆ ಇದ್ಯಲ್ಲ, ಅದು ಹೆಲಿಪ್ಯಾಡ್." ಇಲ್ಲಿ 150 ಎಕರೆಲಿ ಫಿಲ್ಮ್ ಸಿಟಿ ಮಾಡ್ತೀವಿ ಅಂದಿದ್ರು, ಬೆಂಗಳೂರಿಗೆ ಉಳಿದಿರೋದೇ ಇದೊಂದು ಹುಲ್ಲುಗಾವಲು ಬಿಟ್ಬಿಡ್ರಪ್ಪಾ ಅಂತ ಹಕ್ಕಿ ನೋಡೋ ಜನ ಎಲ್ಲಾ ಗಲಾಟೆ ಮಾಡಿದ್ರು, ಕೊನೆಗೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇದನ್ನ ಸಂರಕ್ಷಣಾ ಮೀಸಲು ಮಾಡೋಕೆ ಒಪ್ಕೊಳ್ತು. ಫಿಲ್ಮ್ ಸಿಟಿಯಿಂದ ಪ್ರಕೃತಿಗೆ ಏನೂ ತೊಂದರೆ ಆಗದ ಏಕೈಕ ರಾಜ್ಯ ನಮ್ಮದು. ಇಲ್ಲಿ ಫೋಟೋಗೆ ಹದಿನೈದು ನಿಮಿಷ. ಹಸಿರು ಪರದೆ ಬೇಕಿಲ್ಲ, ನೆಲವೇ ಹಸಿರು, ಬೇಕಾದ ಬ್ಯಾಕ್‌ಗ್ರೌಂಡ್ ಮನೆಗೆ ಹೋಗಿ ಹಾಕ್ಕೊಳ್ಳಿ.

ಅಲ್ಲಿಂದ ನೈಸ್ ರೋಡ್ ಹಿಡ್ಕೊಂಡು ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್. ಟೋಲ್ ಮಾತ್ರ ನಿಜವಾದದ್ದು, ಸೆಟ್ ಅಲ್ಲ, ದಯವಿಟ್ಟು ಚಿಲ್ಲರೆ ಇಟ್ಕೊಂಡಿರಿ. ಈ ಜಾಗಕ್ಕೆ ಸಿನಿಮಾ ನಂಟು ಇರೋದು ಹೌದು, ಬಾಂಬೆ ಟಾಕೀಸ್ ಕಟ್ಟಿದ ದೇವಿಕಾ ರಾಣಿ, ಮೊಟ್ಟಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದೋರು, ಸಿನಿಮಾ ಬಿಟ್ಟು ಚಿತ್ರಕಾರ ಗಂಡ ರೋರಿಕ್ ಜೊತೆ ಬಂದು ನೆಲೆಸಿದ್ದು ಇಲ್ಲೇ. ಸಿನಿಮಾದ ಗಲಾಟೆ ಸಾಕಪ್ಪಾ ಅಂತ ಬಂದೋರ ಮನೆ ಅಂಗಳದಲ್ಲೇ ಫಿಲ್ಮ್ ಸಿಟಿ ಕಟ್ತೀವಿ ಅಂತ ಯಡಿಯೂರಪ್ಪನವರು 2019ರಲ್ಲಿ ಹೇಳಿದ್ರು. ಅದು ಕಾಡಂಚಿನ ಜಾಗ, ಆನೆಗಳು ಓಡಾಡ್ತವೆ. ಮುಂಬೈಲಿ ಚಿರತೆ ಬಂದ್ರೆ ನಮ್ಮಲ್ಲಿ ಆನೆ, ಆ ಒಂದು ವಿಷಯದಲ್ಲಾದ್ರೂ ನಾವು ಮುಂದಿರ್ತಿದ್ವಿ.

ಮರು ವರ್ಷ, 2020ರ ಬಜೆಟ್‌ನಲ್ಲಿ ಬೆಂಗಳೂರಲ್ಲಿ ವಿಶ್ವದರ್ಜೆ ಫಿಲ್ಮ್ ಸಿಟಿ, 500 ಕೋಟಿ ಅಂದ್ರು. ಈ ಅಂಕಿ ನೆನಪಿಟ್ಕೊಳ್ಳಿ, ಸಾಯಂಕಾಲ ಬೇಕಾಗುತ್ತೆ.

ದಾರೀಲಿ ಬಿಡದಿ. ತಟ್ಟೆ ಇಡ್ಲಿಗೆ ನಿಲ್ಲಿಸ್ತೀವಿ. ಇಲ್ಲಿ ಖಾಸಗಿಯವರು ಒಂದು ಫಿಲ್ಮ್ ಸಿಟಿ ಮಾಡಿದ್ರು, 2008ರಲ್ಲಿ, ಆಮೇಲಾಮೇಲೆ ಬಿಗ್ ಬಾಸ್ ಮನೆಯಿಂದ ಫೇಮಸ್ ಆಯ್ತು. ಒಳಗಿರೋರು ಮನೆಗೆ ಹೋಗ್ಬೇಕು ಅಂತ ಅಳೋದು, ಹೊರಗಿರೋರು ಆ ಮನೆ ಹೇಗಿದೆ ನೋಡ್ಬೇಕು ಅಂತ ಹಾರಾಡೋದು. ನಮ್ಮ ಟೂರಲ್ಲಿ ಇದನ್ನ ಸೇರಿಸಿಲ್ಲ, ಯಾಕಂದ್ರೆ ಇದು ಕಟ್ಟಿ ಮುಗಿಸಿರೋ ಜಾಗ, ನಮ್ಮ ಥೀಮ್‌ಗೆ ಹೊಂದಲ್ಲ.

ರಾಮನಗರಕ್ಕೆ ಮಧ್ಯಾಹ್ನ. ಸ್ವತಃ ಸಿನಿಮಾ ಪ್ರೊಡ್ಯೂಸರ್ ಆಗಿದ್ದ ಕುಮಾರಸ್ವಾಮಿಯವರು ಮುಖ್ಯಮಂತ್ರಿ ಆದಾಗ ಫಿಲ್ಮ್ ಸಿಟಿ ಇಲ್ಲಿಗೆ ಅಂದ್ರು, ಮೈಸೂರಿನೋರು ನಮ್ಮದನ್ನ ಕಿತ್ಕೊಂಡ್ರು ಅಂತ ಬೇಜಾರಾದ್ರು. ಇಲ್ಲದೇ ಇರೋದನ್ನ ಕಿತ್ಕೊಳ್ಳೋದು ಹೇಗೆ ಅಂತ ಕೇಳ್ಬೇಡಿ, ರಾಜಕೀಯದಲ್ಲಿ ಆಗುತ್ತೆ. ಇಲ್ಲಿ ಒಂದು ವಿಚಿತ್ರ ಗಮನಿಸಿ: ಶೋಲೆ ಸಿನಿಮಾಕ್ಕೆ ಅಂತ ಈ ಬಂಡೆಗಳ ನಡುವೆ ಒಂದು ಇಡೀ ಹಳ್ಳಿ ಸೆಟ್ ಹಾಕಿದ್ರು, ಸಿನಿಮಾ 1975ರಲ್ಲಿ ಬಂತು, ಸೆಟ್ ಬಿಚ್ಚಿ ಯಾವುದೋ ಕಾಲವಾಯ್ತು, ಈಗ ಅದು ರಣಹದ್ದು ಧಾಮ. ಆದ್ರೂ ಇವತ್ತಿಗೂ ಜನ ಬಂದು "ಗಬ್ಬರ್ ಸಿಂಗ್ ಕೂತಿದ್ದ ಬಂಡೆ ಯಾವುದು" ಅಂತ ಕೇಳ್ತಾರೆ, ಯಾವುದೋ ಒಂದು ಬಂಡೆ ತೋರಿಸಿದ್ರೆ ಅದರ ಮೇಲೆ ಹತ್ತಿ ಡೈಲಾಗ್ ಹೊಡೆದು ರೀಲ್ಸ್ ಮಾಡ್ಕೊಂಡು ಸಂತೋಷವಾಗಿ ಹೋಗ್ತಾರೆ. ಮೆಂಟೇನೆನ್ಸ್ ಇಲ್ಲ, ಕರೆಂಟ್ ಬಿಲ್ ಇಲ್ಲ, ಸೆಟ್ಟೇ ಇಲ್ಲ. ಬಹುಶಃ ಇದನ್ನ ನೋಡೇ ನಮ್ಮ ಸರ್ಕಾರಗಳಿಗೆ ಐಡಿಯಾ ಬಂದಿರಬೇಕು, ಹೆಂಗೂ ಜನ ಬರ್ತಾರೆ, ಕಟ್ಟೋದ್ಯಾಕೆ ಅಂತ.

ಆಮೇಲೆ ಎಕ್ಸ್‌ಪ್ರೆಸ್‌ವೇಲಿ ನಿದ್ದೆ. ನಿದ್ದೇಲಿ ಒಬ್ಬ ಹುಡುಗ "ಅಂಕಲ್, ಸ್ಟಂಟ್ ಶೋ ಎಲ್ಲಿ" ಅಂತ ಕೇಳ್ತಾನೆ. ಬಸ್ಸಿಗೆ ಅಡ್ಡ ಬಂದ ಕಾರ್ ತೋರಿಸಿ, ಅದೇ ಕಣಪ್ಪಾ ಅಂತೀವಿ.

ಸಾಯಂಕಾಲ ಹೊತ್ತಿಗೆ ಕೊನೇ ಸ್ಟಾಪ್, ಹಿಮ್ಮಾವು. ಮೈಸೂರಿಂದ ನಂಜನಗೂಡು ಕಡೆ. ಸಿದ್ದರಾಮಯ್ಯನವರು ಮೊದಲ ಸಲ ಮುಖ್ಯಮಂತ್ರಿ ಆಗಿದ್ದಾಗ ಇಲ್ಲಿಗೇ ಅಂದಿದ್ದು, ಎರಡನೇ ಸಲವೂ ಇಲ್ಲಿಗೇ ಅಂದ್ರು, ಆ ನಡುವೆ ಫಿಲ್ಮ್ ಸಿಟಿ ಒಬ್ಬಳೇ ಒಂದು ಸುತ್ತು ರಾಜ್ಯ ಪ್ರವಾಸ ಮುಗಿಸ್ಕೊಂಡು ತವರಿಗೆ ಬಂದಿದ್ದಾಳೆ. 2025ರ ಬಜೆಟ್‌ನಲ್ಲಿ ಹೇಳಿದ್ದು 150 ಎಕರೆ, ಪಿಪಿಪಿ ಮಾದರಿ, ವೆಚ್ಚ 500 ಕೋಟಿ. ಬೆಳಗ್ಗೆ ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಇದಕ್ಕೇ. ಸಿನಿಮಾದಲ್ಲಿ ಕಂಟಿನ್ಯೂಟಿ ಅಂತ ನೋಡ್ತಾರೆ, ಹಿಂದಿನ ಶಾಟಲ್ಲಿ ಹೀರೋ ಕೈಲಿ ವಾಚ್ ಇದ್ರೆ ಮುಂದಿನ ಶಾಟಲ್ಲೂ ಇರಬೇಕು. ಪಕ್ಷ ಬದಲಾಯ್ತು, ಮುಖ್ಯಮಂತ್ರಿ ಬದಲಾದ್ರು, ಊರು ಬದಲಾಯ್ತು, ಸಿಮೆಂಟ್ ರೇಟು ಎಲ್ಲಿಂದೆಲ್ಲಿಗೋ ಹೋಯ್ತು, ಐದು ವರ್ಷ ಆದ್ಮೇಲೂ 500 ಕೋಟಿ 500 ಕೋಟಿನೇ. ಇಂಥ ಕಂಟಿನ್ಯೂಟಿ ಹಾಲಿವುಡ್‌ನಲ್ಲೂ ಇಲ್ಲ.

ಇಳಿದ ತಕ್ಷಣ ಎಲ್ಲರೂ ಕೇಳೋ ಪ್ರಶ್ನೆಗೆ ನಮ್ಮ ಗೈಡ್‌ಗೆ ಟ್ರೈನಿಂಗ್ ಕೊಟ್ಟಿರ್ತೀವಿ.

"ಪಿಪಿಪಿ ಅಂದ್ರೆ ಏನ್ ಸಾರ್?"

"ಪಬ್ಲಿಕ್, ಪ್ರೈವೇಟ್, ಪಾರ್ಟ್ನರ್‌ಶಿಪ್ ಮೇಡಂ. ಪಬ್ಲಿಕ್ ಅಂದ್ರೆ ನೀವು, ಬಂದಿದೀರ. ಪ್ರೈವೇಟ್‌ನೋರು ಬಂದ್ರೆ ಪಾರ್ಟ್ನರ್‌ಶಿಪ್ ಶುರು."

ಕಿಟಕಿ ಪಕ್ಕ ಕೂತಿದ್ದ ಅಜ್ಜಿ ಬೆಳಗ್ಗಿಂದ ಒಂದು ಮಾತೂ ಆಡಿರಲ್ಲ, ಈಗ ಸೆರಗು ತಲೆ ಮೇಲೆ ಎಳ್ಕೊಂಡು ಹೊಲದ ಕಡೆ ಒಂದು ಸಲ, ಗೈಡ್ ಕಡೆ ಒಂದು ಸಲ ನೋಡಿ ಕೇಳ್ತಾರೆ, "ಅಲ್ಲಪ್ಪಾ ಮಗಾ, ಶೂಟಿಂಗ್ ಯಾವಾಗ ನಡೀತದೆ ಇಲ್ಲಿ? ಒಂದಾದ್ರೂ ನೋಡ್ಕೊಂಡು ಹೋಗವ ಅಂತ."

"ಶೂಟಿಂಗ್ ಇಲ್ಲಿ ನಡೆಯಲ್ಲ ಅಜ್ಜಿ, ಬೆಂಗಳೂರಲ್ಲೇ ನಡೆಯೋದು, ನಾವು ಬಸ್ ಹತ್ತಿದ್ವಲ್ಲ ಅಲ್ಲಿ, ಮಾರ್ಚ್ ತಿಂಗಳು. ಟೀವೀಲಿ ಲೈವ್ ಬರುತ್ತೆ, ಟಿಕೆಟ್ಟೂ ಇಲ್ಲ."