ಆ ಸೋಬಾದ ಹೆಸರಿನ ಕಥೆ ಟಿವಿಯಲ್ಲಿ ಬರಬೇಕಿತ್ತು

2022ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ, ಬೆಳಿಗ್ಗೆ 8 ಗಂಟೆಗೆ ನನ್ನನ್ನು ಯಾರೂ ಮಾತಾಡಿಸುವ ಹಾಗಿರಲಿಲ್ಲ. ಒಂದು ಕೈಯಲ್ಲಿ ಕಾಫಿ, ಎದುರಿಗೆ ಜಪಾನಿನ ಎನ್‌ಎಚ್‌ಕೆ ಚಾನೆಲ್. ದಿನಕ್ಕೆ 15 ನಿಮಿಷದಂತೆ 125 ಕಂತು ಬಂದ ಧಾರಾವಾಹಿ ಅದು, ಹೆಸರು ‘ಚಿಮು ದೊಂದೊಂ’. ಒಂದು ಕಂತನ್ನೂ ಬಿಡದೆ ನೋಡಿದ್ದೇನೆ. ಅವತ್ತು ಬರೆಯಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಆ ಹೆಸರಿನ ವಿಷಯ. ಅದು ಜಪಾನಿ ಅಲ್ಲ, ಜಪಾನಿನ ದಕ್ಷಿಣ ತುದಿಯ ಒಕಿನಾವಾ ದ್ವೀಪದ ಮಾತು. ‘ಚಿಮು’ ಅಂದರೆ ಎದೆ, ಮನಸ್ಸು. ಮೂಲದಲ್ಲಿ ಅದು ಹೊಟ್ಟೆಯೊಳಗಿನ ಯಕೃತ್ತಿನ, ಅಂದರೆ ಲಿವರಿನ ಹೆಸರು. ನಾವು ಪ್ರೀತಿಗೂ ಸಂಕಟಕ್ಕೂ ‘ಕರುಳು’ ಅನ್ನುತ್ತೇವಲ್ಲ, ಹಾಗೆ. ‘ದೊಂದೊಂ’ ಅಂದರೆ ಡವಡವ. ‘ಚಿಮುಗುರಿಸನ್’ ಅಂತ ಇನ್ನೊಂದು ಮಾತಿದೆ. ಬೇರೆಯವರ ಕಷ್ಟ ಕಂಡಾಗ ನಮ್ಮ ಕರುಳು ಚುರ್ ಅನ್ನುತ್ತಲ್ಲ, ಅದಕ್ಕೆ ಅವರಿಟ್ಟ ಹೆಸರು. ಈ ಭಾಷೆ ಆಡಿದ್ದಕ್ಕೆ ಒಂದು ಕಾಲದಲ್ಲಿ ಶಾಲೆಗಳಲ್ಲಿ ಮಕ್ಕಳ ಕೊರಳಿಗೆ ಮರದ ಹಲಗೆ ನೇತುಹಾಕುತ್ತಿದ್ದರು. ‘ಹೋಗೆನ್‌ಫುದಾ’ ಅನ್ನುತ್ತಿದ್ದರು ಅದಕ್ಕೆ. ಇನ್ನೊಬ್ಬ ಮಗು ಬಾಯಿ ತಪ್ಪಿ ಮನೆಮಾತು ಆಡುವವರೆಗೂ ಹಲಗೆ ಕೊರಳಲ್ಲೇ ಇರಬೇಕು. ಅದೇ ಭಾಷೆಯ ಪದ ಇಡೀ ಜಪಾನಿನ ಬೆಳಗಿನ ಟಿವಿಯಲ್ಲಿ ದಪ್ಪ ಅಕ್ಷರದಲ್ಲಿ ಬಂದಾಗ ನನಗೂ ಎದೆ ಡವಡವ ಅಂದಿತು.

ಕಥೆ ಇಷ್ಟು. ಒಕಿನಾವಾದ ಉತ್ತರಕ್ಕೆ ಯಾನ್‌ಬಾರು ಅನ್ನುವ ಕಾಡು ಸೀಮೆ, ಅಲ್ಲೊಂದು ಹಳ್ಳಿ. ಹಿಗಾ ಅನ್ನುವ ಬಡ ಮನೆತನ, ನಾಲ್ಕು ಮಕ್ಕಳು. ಅಣ್ಣನನ್ನು ‘ನೀನೀ’ ಅಂತಲೂ ಅಕ್ಕನನ್ನು ‘ನೇನೇ’ ಅಂತಲೂ ಕರೆಯುತ್ತಾರೆ. ಅಪ್ಪ ಬೇಗ ತೀರಿಕೊಳ್ಳುತ್ತಾನೆ, ಸಾಲ ಉಳಿಯುತ್ತೆ. ಅಡುಗೆಯ ಹುಚ್ಚಿನ ಮಗಳು ನೊಬುಕೊ ಟೋಕಿಯೊಗೆ ಹೋಗಿ ಇಟಾಲಿಯನ್ ಹೋಟೆಲಿನಲ್ಲಿ ಕೆಲಸ ಕಲಿತು, ಮುಂದೆ ತನ್ನ ದ್ವೀಪದ ಅಡುಗೆಯ ಅಂಗಡಿ ಇಡುತ್ತಾಳೆ. ಅವಳು ಟೋಕಿಯೊ ಮುಟ್ಟುವ ದಿನ 1972ರ ಮೇ 15. ಯುದ್ಧ ಮುಗಿದು 27 ವರ್ಷ ಅಮೆರಿಕದ ಆಡಳಿತದಲ್ಲಿದ್ದ ಒಕಿನಾವಾ ಮತ್ತೆ ಜಪಾನಿಗೆ ಸೇರಿದ್ದು ಅದೇ ದಿನ. ಅಲ್ಲಿಯವರೆಗೆ ಆ ಜನ ಖರ್ಚು ಮಾಡುತ್ತಿದ್ದದ್ದು ಡಾಲರ್. ಜಪಾನಿನ ಮುಖ್ಯ ನಾಡಿಗೆ ಬರಬೇಕೆಂದರೆ ಪಾಸ್‌ಪೋರ್ಟಿನಂಥ ಕಾಗದ ಬೇಕಿತ್ತು. ಮರಳಿ ಸೇರಿದ 50ನೇ ವರ್ಷದ ನೆನಪಿಗೆ ಮಾಡಿದ ಧಾರಾವಾಹಿ ಇದು. ನೊಬುಕೊ ಪಾತ್ರದ ಕುರೊಶಿಮಾ ಯುಯಿನಾ, ತಾಯಿ ಪಾತ್ರದ ನಕಾಮಾ ಯುಕಿಯೆ ಇಬ್ಬರೂ ಒಕಿನಾವಾದವರೇ.

ಪ್ರಸಾರವಾಗುತ್ತಿದ್ದಾಗಲೇ ಟ್ವಿಟರ್‌ನಲ್ಲಿ ದಿನಾ ಬೈಗುಳ. ಅಣ್ಣ ಮನೆಯ ದುಡ್ಡು ಕಳೆಯುತ್ತಲೇ ಇರುತ್ತಾನೆ, ಮನೆಯವರು ಕ್ಷಮಿಸುತ್ತಲೇ ಇರುತ್ತಾರೆ, ಇದು ಒಕಿನಾವಾದವರನ್ನು ಬೇಜವಾಬ್ದಾರರಂತೆ ತೋರಿಸುತ್ತೆ ಅನ್ನುವುದು ದೂರು. ದೂರಿನಲ್ಲಿ ಸತ್ಯ ಇದೆ, ಆ ಅಣ್ಣನ ಪ್ರಸಂಗಗಳು ಅತಿಯಾದವು ನಿಜ. ನನ್ನ ಬೇಸರ ಮಾತ್ರ ಬೇರೆ. ಅಡುಗೆಯ ಮೇಲೆ ಕಟ್ಟಿದ ಕಥೆ ಇದು. ಆ ಅಡುಗೆಯೊಳಗೇ ಒಂದು ದೊಡ್ಡ ಕಥೆ ಇತ್ತು. ಅದು ಅಣ್ಣನ ಸಾಲ, ಮದುವೆ ಗಲಾಟೆಗಳಷ್ಟು ಜಾಗ ಪಡೆಯಲಿಲ್ಲ.

ಸೋಬಾ ವಿಷಯವನ್ನೇ ತೆಗೆದುಕೊಳ್ಳಿ. ಜಪಾನಿನಲ್ಲಿ ಸೋಬಾ ಅಂದರೆ ಬಕ್‌ವೀಟ್ ಅನ್ನುವ ಧಾನ್ಯದ ಕಂದು ನೂಡಲ್ಸ್. ಒಕಿನಾವಾದ ಸೋಬಾದಲ್ಲಿ ಆ ಧಾನ್ಯ ಒಂದು ಚಿಟಿಕೆಯೂ ಇಲ್ಲ, ಪೂರ್ತಿ ಗೋಧಿಹಿಟ್ಟು. ಹಳೆಯ ಪದ್ಧತಿಯಲ್ಲಿ ಮರದ ಬೂದಿ ನೆನೆಸಿದ ತಿಳಿನೀರಿನಲ್ಲಿ ಹಿಟ್ಟು ಕಲಸುತ್ತಾರೆ. ಬೆಂದ ಎಳೆಗಳಿಗೆ ಎಣ್ಣೆ ಸವರಿ ಆರಿಸುತ್ತಾರೆ. ಹಂದಿ ಮೂಳೆ, ಒಣಗಿಸಿದ ಕತ್ಸುವೊ ಮೀನು ಕುದಿಸಿದ ತಿಳಿಸಾರು ಹುಯ್ದು, ಮೇಲೆ ತೊಗಲು, ಕೊಬ್ಬು, ಮಾಂಸ ಪದರಪದರವಾಗಿ ಕಾಣುವ ಎರಡು ಮೂರು ತುಂಡು ಹಂದಿ, ಈರುಳ್ಳಿ ಸೊಪ್ಪು, ಕೆಂಪು ಶುಂಠಿ. ಧಾರಾವಾಹಿಯಲ್ಲಿ ನೊಬುಕೊಗೆ ಅಪ್ಪ ಅಂದರೆ ಈ ಬಟ್ಟಲೇ.

ಇನ್ನು ನಿಜವಾಗಿ ನಡೆದದ್ದು ಕೇಳಿ. 1976ರಲ್ಲಿ, ಅಂದರೆ ನೊಬುಕೊ ಟೋಕಿಯೊದಲ್ಲಿ ಬೆವರು ಸುರಿಸುತ್ತಿದ್ದ ಕಾಲದಲ್ಲೇ, ಜಪಾನಿನ ನ್ಯಾಯಯುತ ವ್ಯಾಪಾರ ಆಯೋಗದಿಂದ ತಕರಾರು ಬಂತು. ಸೋಬಾ ಅಂತ ಮಾರಬೇಕಾದರೆ ಹಿಟ್ಟಿನಲ್ಲಿ ಶೇಕಡಾ 30ರಷ್ಟಾದರೂ ಬಕ್‌ವೀಟ್ ಇರಬೇಕು, ನಿಮ್ಮದರಲ್ಲಿ ಇಲ್ಲ, ಹಾಗಾಗಿ ಆ ಹೆಸರು ಬಳಸುವ ಹಾಗಿಲ್ಲ. ಅಜ್ಜ ಮುತ್ತಜ್ಜನಿಂದ ಸೋಬಾ ಅಂದುಕೊಂಡು ಉಂಡ ಜನಕ್ಕೆ, ಅದು ಸೋಬಾ ಅಲ್ಲ ಅಂತ ಕಾಗದ ಬರುವುದು! ಅಲ್ಲಿನ ನೂಡಲ್ಸ್ ತಯಾರಕರು ಬಿಡಲಿಲ್ಲ, ಓಡಾಡಿದರು, ವಾದ ಮಾಡಿದರು. 1978ರ ಅಕ್ಟೋಬರ್ 17ರಂದು ‘ಒಕಿನಾವಾ ಸೋಬಾ’ ಅನ್ನುವ ಹೆಸರಿಗೆ ಮಾನ್ಯತೆ ಸಿಕ್ಕಿತು. ಇವತ್ತಿಗೂ ಅಕ್ಟೋಬರ್ 17 ಅಲ್ಲಿ ಸೋಬಾ ದಿನ.

ಅಪ್ಪನ ಸೋಬಾವನ್ನು ಎದೆಯಲ್ಲಿಟ್ಟುಕೊಂಡು ಬಂದ ಹುಡುಗಿಯ ಕಥೆಗೆ ಇದಕ್ಕಿಂತ ಇನ್ನೇನು ಬೇಕಿತ್ತು? ಕಾಲ ಹೊಂದುತ್ತೆ, ಊರು ಹೊಂದುತ್ತೆ, ಬಟ್ಟಲೂ ಅದೇ. ಇದಕ್ಕೊಂದು ಇಡೀ ವಾರ ಕೊಟ್ಟಿದ್ದರೆ ಆ ಧಾರಾವಾಹಿಯ ತೂಕವೇ ಬೇರೆ ಆಗುತ್ತಿತ್ತು.

ಸೋಯಾ ಹಾಲಿನಿಂದ ಮಾಡುವ, ಪನೀರಿನಂಥ ತೋಫುವಿನದ್ದೂ ಹೆಚ್ಚುಕಮ್ಮಿ ಇದೇ ಪಾಡು. ಒಕಿನಾವಾದವರು ಗಟ್ಟಿಯಾದ ತೋಫುವನ್ನು ಬಿಸಿಬಿಸಿಯಾಗಿಯೇ ಮಾರುತ್ತಾರೆ, ಚೀಲದೊಳಗೆ ಹಬೆ ಕಟ್ಟಿರುತ್ತೆ. ಅದಕ್ಕೆ ಅವರು ‘ಅಚಿಕೋಕೋ’ ಅನ್ನುತ್ತಾರೆ. 1972ರಲ್ಲಿ ಜಪಾನಿನ ಆಹಾರ ಕಾನೂನು ಅಲ್ಲಿಗೂ ಬಂತು. ತೋಫುವನ್ನು ತಣ್ಣೀರಿನಲ್ಲಿಟ್ಟು ಮಾರಬೇಕು ಅನ್ನುವ ನಿಯಮ. ಬಿಸಿ ತೋಫುವಿಗೆ ವಿನಾಯಿತಿ ಪಡೆಯಲು 1974ರವರೆಗೆ ಕಾಯಬೇಕಾಯಿತು.

ಆ ತಟ್ಟೆಯಲ್ಲಿ ಏನನ್ನು ಮುಟ್ಟಿದರೂ ಹಿಂದೊಂದು ಹಡಗು ನಿಂತಿರುತ್ತೆ. ಕೊಂಬು ಅನ್ನುವ ಸಮುದ್ರಪಾಚಿಯನ್ನು ಹಂದಿಮಾಂಸದ ಜೊತೆ ಹುರಿದು ಬಾಯಿ ತುಂಬ ತಿನ್ನುತ್ತಾರೆ. ಆದರೆ ಅದು ಬೆಳೆಯುವುದು ದೇಶದ ಇನ್ನೊಂದು ತುದಿಯ ಹೊಕ್ಕೈಡೊದ ತಣ್ಣನೆಯ ಕಡಲಲ್ಲಿ. ಒಕಿನಾವಾ ಹಿಂದೆ ರ್ಯೂಕ್ಯೂ ಅನ್ನುವ ಬೇರೆಯೇ ರಾಜ್ಯ. 1609ರಲ್ಲಿ ಜಪಾನಿನ ದಕ್ಷಿಣದ ಸತ್ಸುಮಾ ಸಂಸ್ಥಾನದವರು ದಂಡೆತ್ತಿ ಬಂದು ಅದನ್ನು ಹಿಡಿತಕ್ಕೆ ತೆಗೆದುಕೊಂಡರು. ಮುಂದೆ ಚೀನಾಕ್ಕೆ ಮಾರುವ ಕೊಂಬು ಈ ದ್ವೀಪದ ಮೂಲಕವೇ ಸಾಗುತ್ತಿತ್ತು, ಹಾಗೆ ಸಾಗುತ್ತಾ ಅಲ್ಲಿನ ಬಾಣಲೆಗೂ ಬಿತ್ತು. ಅವರ ಅವಮೊರಿ ಸಾರಾಯಿಗೆ ಹಾಕುವುದು ಥಾಯ್ಲೆಂಡಿನ ಉದ್ದನೆಯ ಅಕ್ಕಿ. ಗೆಣಸು 1605ರಲ್ಲಿ ಚೀನಾದಿಂದ ಬಂದದ್ದು. ಅದು ಇಲ್ಲಿಂದ ಸತ್ಸುಮಾಗೆ ಹೋಗಿ ಉಳಿದ ಜಪಾನಿಗೆ ‘ಸತ್ಸುಮಾ ಗೆಣಸು’ ಆಗಿಬಿಟ್ಟಿತು!

ಹಂದಿಯ ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1945ರ ಯುದ್ಧದಲ್ಲಿ ಒಕಿನಾವಾದ ನಾಲ್ವರಲ್ಲಿ ಒಬ್ಬರು ಸತ್ತರು. ಊರುಗಳು ಸುಟ್ಟವು, ಹಂದಿಗಳೂ ಉಳಿಯಲಿಲ್ಲ. ಹವಾಯಿಯಲ್ಲಿ ನೆಲೆಸಿದ್ದ ಒಕಿನಾವಾ ಮೂಲದವರು ಚಂದಾ ಎತ್ತಿ ಅಮೆರಿಕದಲ್ಲಿ 550 ಹಂದಿ ಕೊಂಡು, ಪೋರ್ಟ್‌ಲ್ಯಾಂಡ್ ಬಂದರಿನಲ್ಲಿ ಹಡಗು ಹತ್ತಿಸಿದರು. ಜೊತೆಗೆ ತಮ್ಮವರೇ ಏಳು ಜನರನ್ನು ಕಳಿಸಿ, ಶಾಂತಸಾಗರ ದಾಟಿಸಿ, 1948ರಲ್ಲಿ ಊರಿಗೆ ಮುಟ್ಟಿಸಿದರು. ನಾನು ಮೂಡಿಗೆರೆ ಕಡೆಯವಳು. ಹಬ್ಬ ಕಳೆದ ಮಾರನೇ ದಿನ ಹಂದಿ ಸಾರು, ಕಡುಬು ಉಂಡು ಬೆಳೆದವಳು. ಹಂದಿ ಇಲ್ಲದ ಮನೆಗೆ ಹಂದಿ ಕಳಿಸುವುದು ಎಂಥ ನೆಂಟಸ್ತನ ಅಂತ ನನಗೆ ಬಿಡಿಸಿ ಹೇಳಬೇಕಿಲ್ಲ. ಈಗ ಅಲ್ಲಿನ ಪಲ್ಯಗಳಿಗೆ ಬೀಳುವ ಡಬ್ಬಿಯ ಲಂಚನ್ ಮೀಟ್, ಅದು ಅಮೆರಿಕದ ಸೈನ್ಯ ಬಿಟ್ಟುಹೋದ ರುಚಿ. ಸೈನ್ಯವೇನೋ ಹೋಗಿಲ್ಲ. ದೇಶದ ಶೇಕಡಾ 0.6ರಷ್ಟು ನೆಲದಲ್ಲಿ, ಜಪಾನಿನಲ್ಲಿ ಅಮೆರಿಕದ ಸೈನ್ಯಕ್ಕೇ ಮೀಸಲಾದ ನೆಲೆಗಳ ಶೇಕಡಾ 70ರಷ್ಟು ಜಾಗ ಇವತ್ತಿಗೂ ಇದೆ.

ಇದನ್ನೆಲ್ಲ ‘ಜಪಾನೀಸ್ ಫುಡ್’ ಅಂತ ಒಂದೇ ಮಾತಿನಲ್ಲಿ ಮುಗಿಸುವವರನ್ನು ಕಂಡರೆ ನನಗೆ ಸಂಕಟ. ಜೋಳದ ರೊಟ್ಟಿ, ಕಡುಬು, ನೀರುದೋಸೆ ಎಲ್ಲವೂ ‘ಸೌತ್ ಇಂಡಿಯನ್’ ಅಂತ ಕೇಳಿಸಿಕೊಂಡವರಿಗೆ ಇದು ಗೊತ್ತಿರುತ್ತೆ.

2023ರ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಟೋಕಿಯೊದ ನಿಶಿಕಸಾಯ್‌ನಲ್ಲಿ ನಮ್ಮ ಮನೆ. ತರಕಾರಿ ಅಂಗಡಿಯಲ್ಲಿ ಗೋಯಾ ಕೈಗೆತ್ತಿಕೊಂಡು, “ಇದೇನೇ, ಹಾಗಲಕಾಯಿಗೆ ಮುಳ್ಳೆಲ್ಲ ಸವೆದುಹೋಗಿದೆಯಲ್ಲ” ಅಂದರು. ನಿಜ, ನಮ್ಮದರ ಹಾಗೆ ಚೂಪಾಗಿರಲ್ಲ, ದಪ್ಪ ಗುಳ್ಳೆ ಗುಳ್ಳೆ. ನಾನು ಚಂಪುರು, ಅಂದರೆ ಅಲ್ಲಿನ ಹುರಿದ ಪಲ್ಯ, ಮಾಡಿ ತೋರಿಸಿದೆ. ಉದ್ದಕ್ಕೆ ಸೀಳಿ, ಚಮಚದಲ್ಲಿ ತಿರುಳು ಕೆರೆದು, ತೆಳ್ಳಗೆ ಹೆಚ್ಚಿ, ಉಪ್ಪು ತಿಕ್ಕಿ ಹಿಂಡಿ, ದೊಡ್ಡ ಉರಿಯಲ್ಲಿ ಹುರಿದೆ. ತೋಫುವನ್ನು ಕೈಯಲ್ಲೇ ಮುರಿದು ಹಾಕಿ, ಕೊನೆಗೆ ಮೊಟ್ಟೆ ಒಡೆದೆ. ಅಮ್ಮ ಉಪ್ಪು ಹಿಂಡುವುದನ್ನು ಕಂಡು ಮಾತ್ರ ಸರಿ ಅಂತ ತಲೆಯಾಡಿಸಿದರು.

ಊರಿನಲ್ಲಿ ಹಾಗಲ, ಸೌತೆ ಬೆಳೆದವರಿಗೆ ಹಣ್ಣುನೊಣದ ಕಾಟ ಗೊತ್ತು. ಅದೇ ನೊಣ ಒಕಿನಾವಾದಲ್ಲೂ ಇತ್ತು, ಮೂಲ ನಮ್ಮ ಭಾರತದ ಕಡೆಯದ್ದು ಅನ್ನುತ್ತಾರೆ. ಅದು ಇರುವವರೆಗೆ ದ್ವೀಪದ ಗೋಯಾ ಮುಖ್ಯ ನಾಡಿಗೆ ಸಲೀಸಾಗಿ ಹೋಗುವಂತಿರಲಿಲ್ಲ. ನೊಣಗಳನ್ನು ಸಾಕಿ, ವಿಕಿರಣದಿಂದ ಅವನ್ನು ಬಂಜೆ ಮಾಡಿ, ದ್ವೀಪದಿಂದ ದ್ವೀಪಕ್ಕೆ ವರ್ಷಗಟ್ಟಲೆ ಬಿಟ್ಟು, 1993ಕ್ಕೆ ಆ ಸಂತತಿಯನ್ನೇ ಇಲ್ಲವಾಗಿಸಿದರು. ಅಮ್ಮ ಎರಡು ಸಲ ಕೇಳಿದರು, “ಒಂದೂ ಇಲ್ವಾ?” ಅಂತ.

ಆ ಭಾನುವಾರ ಯೊಕೊಹಾಮಾದ ತ್ಸುರುಮಿಗೆ ಕರೆದುಕೊಂಡು ಹೋದೆ. ನೊಬುಕೊ ಟೋಕಿಯೊ ಕಡೆ ಬಂದಾಗ ಆಸರೆ ಪಡೆದ ಊರು ಅದೇ. ಕಾರ್ಖಾನೆ ಕೆಲಸಕ್ಕೆ ಬಂದ ಒಕಿನಾವಾದವರು ನೂರು ವರ್ಷದಿಂದ ಅಲ್ಲಿದ್ದಾರೆ. ಚಿಕ್ಕ ಅಂಗಡಿ, ಒಲೆಯ ಮುಂದೆ ಎಂಬತ್ತರ ಹತ್ತಿರದ ಅಜ್ಜಿ, ಎಲ್ಲರೂ ‘ಒಬಾ’ ಅಂತಲೇ ಕರೆಯುವುದು. ಅಮ್ಮ ಚೀಲದಿಂದ ಹಾಗಲಕಾಯಿ ಗೊಜ್ಜಿನ ಬಾಟಲಿ ತೆಗೆದು ಕೊಟ್ಟೇಬಿಟ್ಟರು. ಒಬಾ ಬೆರಳ ತುದಿಯಲ್ಲಿ ನೆಕ್ಕಿ, ಬೆಲ್ಲ ಹುಣಸೆ ಎರಡೂ ತಗುಲಿ ಕಣ್ಣು ಕಿರಿದು ಮಾಡಿ, ‘ತೀಆಂದಾ’ ಅಂದರು. ತೀ ಅಂದರೆ ಕೈ, ಆಂದಾ ಅಂದರೆ ಎಣ್ಣೆ. ಮಾಡಿದವರ ಕೈಯಿಂದ ಅಡುಗೆಗೆ ಇಳಿಯುವ ಎಣ್ಣೆ. ಅಮ್ಮನಿಗೆ ಹೇಳಿದೆ. “ಕೈರುಚಿ ಅನ್ನು” ಅಂದರು, ನಾನು ಇಷ್ಟುದ್ದ ಬಿಡಿಸಿದ್ದು ಯಾಕೆ ಅನ್ನುವ ಹಾಗೆ.

ಟೋಕಿಯೊ, ಯೊಕೊಹಾಮಾ ಕಡೆ ಇರುವ ಕನ್ನಡದವರು ಅಕ್ಟೋಬರ್ 17ಕ್ಕೆ ತ್ಸುರುಮಿಗೆ ಬನ್ನಿ. ಬಟ್ಟಲು ಬಂದ ಕೂಡಲೇ ಖಾರದ ಬಾಟಲಿಗೆ ಕೈ ಹಾಕಬೇಡಿ. ಅವಮೊರಿಯಲ್ಲಿ ಸಣ್ಣ ಮೆಣಸಿನಕಾಯಿ ನೆನೆಸಿದ್ದು ಅದು, ನಾಲ್ಕು ಹನಿಗೇ ಬೆವರು ಬರುತ್ತೆ. ಮೊದಲು ಬರೀ ಸಾರು ಎರಡು ಗುಟುಕು ಕುಡಿಯಿರಿ.