ಯಾರೂ ಇಲ್ಲದ ಊರಂತೆ!

ಬೆಳಗ್ಗೆಯಿಂದ ಒಂದೇ ರೀಲನ್ನು ಐದಾರು ಜನ ಕಳಿಸಿದ್ದೀರಿ. ಟೆಕ್ಸಾಸಿನ ಲವಿಂಗ್ ಕೌಂಟಿ, ಅಮೆರಿಕದಲ್ಲೇ ಅತಿ ಕಡಿಮೆ ಜನ ಇರುವ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ). ನಮ್ಮ ಕನ್ನಡದ ಹುಡುಗನೇ ಮಾಡಿದ್ದು, ಖುಷಿಯಾಗಬೇಕಿತ್ತು. ಆದರೆ ಆತ ರಸ್ತೆ ಪಕ್ಕ ನಿಂತು "ಸ್ನೇಹಿತರೇ, ಇಲ್ಲಿ ಏನೂ ಇಲ್ಲ, ಯಾರೂ ಇಲ್ಲ" ಅಂತ ಕಿರುಚುತ್ತಿದ್ದಾನೆ. ಯಾಕೆ ಕಿರುಚಬೇಕು ಹೇಳಿ? ಹಿಂದೆ ಹೋಗುವ ಲಾರಿಗಳ ಸದ್ದಿಗೆ ಅವನ ಮಾತು ಕೇಳುತ್ತಿಲ್ಲ! ಮರಳಿನ ಟ್ರಕ್ಕು, ನೀರಿನ ಟ್ಯಾಂಕರು, ಪೈಪು ಹೊತ್ತ ಟ್ರೇಲರು, ಒಂದರ ಹಿಂದೆ ಒಂದು. ಅವನ್ನೆಲ್ಲ ದೆವ್ವ ಓಡಿಸ್ತಿದೆಯಾ?

ನಾನು ಅದೇ ಪಶ್ಚಿಮ ಟೆಕ್ಸಾಸಿನ ಮಿಡ್‌ಲ್ಯಾಂಡಿನಲ್ಲಿ ಎಣ್ಣೆ ಬಾವಿಗಳ ಲೆಕ್ಕ ನೋಡಿಕೊಂಡಿದ್ದೆ ಅಂತ ನಿಮಗೆ ಗೊತ್ತು. ಆ ಕಡೆಯ ಊರುಗಳನ್ನು ಹಗುರ ಮಾಡಿ ಮಾತಾಡಿದರೆ ನನಗೆ ಮೈ ಉರಿಯುತ್ತೆ ಅಂತಲೂ ಗೊತ್ತು. ಆದರೂ ಕಳಿಸುತ್ತೀರಿ. ಅನುಭವಿಸಿ.

2020ರ ಜನಗಣತಿಯಲ್ಲಿ ಅಲ್ಲಿ ಲೆಕ್ಕಕ್ಕೆ ಸಿಕ್ಕವರು 64 ಜನ, ಹೌದು. ಜಾಗ ಸುಮಾರು 1,750 ಚದರ ಕಿಲೋಮೀಟರ್. ಬಡಗಲಿಗೆ ನ್ಯೂ ಮೆಕ್ಸಿಕೋ, ಪಡುವಲಿಗೆ ಪೇಕೋಸ್ ನದಿ. ಊರು ಅಂತ ಇರೋದು ಮೆಂಟೋನ್ ಒಂದೇ. ಆದರೆ ಜನಗಣತಿಯವರು ಬರೆದುಕೊಳ್ಳುವುದು ಕಾಯಂ ಮನೆ ಎಲ್ಲಿದೆಯೋ ಅಲ್ಲಿ. ಎಣ್ಣೆ ಬಾವಿಯಲ್ಲಿ ದುಡಿಯಲು ಬಂದು, ಟ್ರೇಲರಿನಲ್ಲಿ ಮಲಗಿ, ಪಾಳಿ ಮುಗಿಸಿ ಹೆಂಡತಿ ಮಕ್ಕಳಿರುವ ಊರಿಗೆ ಹೋಗುವವರು ಆ 64ರಲ್ಲಿ ಇಲ್ಲ. ಟ್ರಕ್ಕಿನ ಬಾಗಿಲು ತೆರೆದು, ಮೆಟ್ಟಿಲ ಮೇಲೆ ಕೂತು, ಧೂಳು ಕುಡಿದ ಬೂಟು ಬಿಚ್ಚಿ ಕೊಡವುತ್ತಾ ಫೋನಿನಲ್ಲಿ ಮಗಳ ಮನೆಪಾಠ ಕೇಳುವವರನ್ನು ನಾನು ನೋಡಿದ್ದೇನೆ. ಅವರು ಯಾರೂ ಅಲ್ವಾ?

ಇನ್ನು "ಏನೂ ಇಲ್ಲ". 1855ರಲ್ಲಿ ಕ್ಯಾಪ್ಟನ್ ಜಾನ್ ಪೋಪ್ ಅನ್ನುವ ಸೇನಾಧಿಕಾರಿ ಈ ಪೇಕೋಸ್ ದಂಡೆಯಲ್ಲಿ ಬಿಡಾರ ಹೂಡಿ, ತಾನಾಗಿಯೇ ಚಿಮ್ಮುವ ನೀರು ಬರುತ್ತೆ ಅಂತ ಕೊರೆಸಿದ. ಚಿಮ್ಮಲಿಲ್ಲ. ನದಿಯ ನೀರು ಉಪ್ಪು. ಮೆಂಟೋನಿನ ಜನ ಎಷ್ಟೋ ಕಾಲ ಕುಡಿಯುವ ನೀರನ್ನು ಹೊರಗಿನಿಂದ ಗಾಡಿಯಲ್ಲಿ ತರಿಸಿಕೊಂಡರು. ಕಾಲ ಕೆಳಗೆ ಎಣ್ಣೆ, ಬಾಯಿಗೆ ನೀರಿಲ್ಲ. ಇದಕ್ಕಿಂತ ಒಳ್ಳೆ ಕತೆ ಬೇಕಾ ನಿನಗೆ, ಮಾರಾಯ?

ಹೆಸರಿನ ಹಿಂದೆಯೂ ಒಬ್ಬ ಮನುಷ್ಯನಿದ್ದಾನೆ. ಆಲಿವರ್ ಲವಿಂಗ್, ದನದ ವ್ಯಾಪಾರಿ. 1866ರಲ್ಲಿ ಚಾರ್ಲ್ಸ್ ಗುಡ್‌ನೈಟ್ ಜೊತೆ ಸೇರಿ ಪೇಕೋಸ್ ಗುಂಟ ನ್ಯೂ ಮೆಕ್ಸಿಕೋಗೆ ದನ ಹೊಡೆದುಕೊಂಡು ಹೋಗುವ ದಾರಿ ಮಾಡಿದವನು. ಮರುವರ್ಷ ಅಲ್ಲಿನ ಮೂಲನಿವಾಸಿಗಳಾದ ಕೊಮಾಂಚೆಗಳ ದಾಳಿಯಲ್ಲಿ ಗಾಯಗೊಂಡ. ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್ ಕೋಟೆಯವರೆಗೆ ಹೇಗೋ ತಲುಪಿದ, ಗಾಯ ಕೊಳೆತು ಅಲ್ಲೇ ಸತ್ತ. ನನ್ನನ್ನು ಟೆಕ್ಸಾಸಿನಲ್ಲೇ ಮಣ್ಣು ಮಾಡಿ ಅಂದಿದ್ದನಂತೆ. ಗೆಳೆಯರು ಹೂತ ಹೆಣವನ್ನು ಮತ್ತೆ ತೆಗೆದು, ಗಾಡಿಯಲ್ಲಿ ಹೇರಿಕೊಂಡು ಟೆಕ್ಸಾಸಿನ ವೆದರ್‌ಫೋರ್ಡ್‌ವರೆಗೆ ತಂದರು. (ಕೊಮಾಂಚೆಗಳ ಕಡೆಯಿಂದ ನೋಡಿದರೆ ದಾಳಿ ಮಾಡಿದವರು ಯಾರು ಅನ್ನೋದು ಬೇರೆ ಪ್ರಶ್ನೆ. "ಯಾರೂ ಇಲ್ಲ" ಅನ್ನುವ ಮಾತು ಮೊದಲು ಬಿದ್ದಿದ್ದು ಅವರ ನೆಲದ ಮೇಲೇ.)

ನನ್ನ ತಕರಾರು ಇದೇ. ಯಾರೂ ಇಲ್ಲ ಅಂದ ಕೂಡಲೇ ಯಾರೋ ಒಬ್ಬರು ಚೀಲ ಹಿಡಿದು ಬರುತ್ತಾರೆ. 1890ರ ಜನಗಣತಿಯಲ್ಲಿ ಅಲ್ಲಿದ್ದವರು 3 ಜನ. 1893ರಲ್ಲಿ ಹೊರಗಿನವರ ಒಂದು ಗುಂಪು ಕಾಲುವೆ ತೋಡ್ತೀವಿ ಅಂತ ಬಂದು, ಇಲ್ಲದ ಮತದಾರರನ್ನು ತೋರಿಸಿ, ಚುನಾವಣೆಯನ್ನೂ ಮಾಡಿ ಕೌಂಟಿ ಕಟ್ಟಿಕೊಂಡಿತು! ಮೋಸ ಬಯಲಾಯಿತು, 1897ರಲ್ಲಿ ಶಾಸನಸಭೆ ಅದನ್ನು ರದ್ದು ಮಾಡಿ ಪಕ್ಕದ ರೀವ್ಸ್ ಕೌಂಟಿಗೆ ಸೇರಿಸಿತು. ಎಣ್ಣೆ ಸಿಕ್ಕ ಮೇಲೆ, 1931ರಲ್ಲಿ, ಮತ್ತೆ ಕೌಂಟಿಯಾಯಿತು. 2006ರ ಹೊತ್ತಿಗೆ ಇನ್ನೊಂದು ಗುಂಪು. ಸರ್ಕಾರವೇ ಬೇಡ ಅನ್ನುವ ಮಹಾನುಭಾವರು. ಇರೋದೇ ಬೆರಳೆಣಿಕೆ ಜನ, ನಾವು ಹೋಗಿ ನೆಲೆಸಿದರೆ ಚುನಾವಣೆ ನಮ್ಮದೇ ಅಂತ ಲೆಕ್ಕ ಹಾಕಿದರು. ಸರ್ಕಾರ ಬೇಡದವರಿಗೆ ಕುರ್ಚಿ ಮಾತ್ರ ಬೇಕಿತ್ತು ನೋಡಿ. ಆಗಲಿಲ್ಲ ಬಿಡಿ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಇದೆ, ಮುಚ್ಚಿಡಲ್ಲ. ನಮ್ಮ ಚಳ್ಳಕೆರೆಯ ಅಮೃತ್ ಮಹಲ್ ಕಾವಲನ್ನೂ ಹೀಗೇ ಖಾಲಿ ಜಾಗ ಅಂದರು. ನಮ್ಮ ತಾತ ಕುರಿ ಮೇಯಿಸಿದ ಹುಲ್ಲುಗಾವಲು. ದೊಡ್ಡ ದೊಡ್ಡ ಸಂಸ್ಥೆಗಳಿಗೆ ಸಾವಿರಾರು ಎಕರೆ ಹೋಯಿತು ಅಂತ ಸುತ್ತಲಿನ ಹಳ್ಳಿಯವರಿಗೆ ತಿಳಿದಿದ್ದು ಗೋಡೆ ಎದ್ದ ಮೇಲೆ. ಇಷ್ಟೇ ಹೇಳ್ತೀನಿ. ಜಾಸ್ತಿ ಹೇಳಿದರೆ ಬಿಪಿ ಏರುತ್ತೆ.

ಈಗ ಬರ್ತಾರೆ ಬುದ್ಧಿವಂತರು: 64 ಜನಕ್ಕೆ ಒಂದು ಕೋರ್ಟು, ಒಬ್ಬ ಷೆರಿಫ್ (ಚುನಾಯಿತ ಪೊಲೀಸ್ ಮುಖ್ಯಸ್ಥ) ಯಾಕೆ ಸಾರ್, ಪಕ್ಕದ ಕೌಂಟಿಗೆ ಸೇರಿಸಬಾರದಾ? ಶಾಲೆ ಮುಚ್ಚಿದೆ, ಮಕ್ಕಳು ವಿಂಕ್ ಊರಿಗೆ ಹೋಗ್ತಾರೆ, ಒಪ್ಪಿದೆ. ಅಲ್ಲಿ ವಾಸ ಮಾಡದವರೂ ಅಲ್ಲಿಯ ವಿಳಾಸ ಕೊಟ್ಟು ವೋಟು ಹಾಕ್ತಾರೆ ಅಂತ ಜಗಳ ಕೋರ್ಟಿಗೂ ಹೋಗಿದೆ, ಅದೂ ನಿಜ. ಆದರೆ ಅಲ್ಲಿನ ಬಾವಿಗಳ ತೆರಿಗೆ ಲೆಕ್ಕ ನೋಡಿದ್ದೀರಾ? ಆ ಆಸ್ತಿಯ ಬೆಲೆ ನೂರಾರು ಕೋಟಿ ಡಾಲರ್. ಸೇರಿಸಿ ಅನ್ನುವವರಿಗೆ ಬೇಕಿರೋದು ಆ 64 ಜನ ಅಲ್ಲ. ಅಷ್ಟೂ ಗೊತ್ತಾಗಲ್ವಾ?

ಷೆರಿಫ್ ಅಂದಾಗ ನೆನಪಾಯಿತು. ಟೆಕ್ಸಾಸಿನಲ್ಲಿ ಚುನಾವಣೆ ಗೆದ್ದು ಷೆರಿಫ್ ಆದ ಮೊದಲ ಹೆಂಗಸು ಈ ಊರಿನವಳು, ಎಡ್ನಾ ರೀಡ್ ಕ್ಲೇಟನ್ ಡೀವೀಸ್. 1945ರಲ್ಲಿ ಮೊದಲು ನೇಮಕದಿಂದ ಬಂದಳು, ಆಮೇಲೆ ಗೆದ್ದಳು. ಸೊಂಟಕ್ಕೆ ಬಂದೂಕು ಕಟ್ಟಲೇ ಇಲ್ಲ. ಮಾಡಿದ್ದು ಎರಡೇ ಬಂಧನ. ಮೀಸೆ ತಿರುವುವ ಷೆರಿಫ್‌ಗಳ ಸಿನಿಮಾ ನೋಡಿ ಬೆಳೆದ ನಮಗೆ ಈಕೆಯ ಹೆಸರು ಒಬ್ಬರಾದರೂ ಹೇಳಿದ್ದಾರಾ? ರೀಲ್ ಹುಡುಗ ಅದೇ ಕೋರ್ಟ್ ಕಟ್ಟಡದ ಮುಂದೆ ಡ್ರೋನ್ ಹಾರಿಸಿ, ಕೊಳಲು ಸಂಗೀತ ಹಾಕಿ, ಮುಂದಕ್ಕೆ ಹೋದ.

ಡಲ್ಲಾಸಿನ ಗೆಳೆಯರು ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ಕಾರ್ಲ್ಸ್‌ಬ್ಯಾಡ್ ಗುಹೆ ನೋಡೋಕೆ ಹೋಗ್ತೀರಲ್ಲ, ಹಾದಿ ಸ್ವಲ್ಪ ತಿರುಗಿಸಿ ಮೆಂಟೋನ್ ಮೇಲೆ ಹೋಗಿ. ಪೆಟ್ರೋಲು, ನೀರು ಮೊದಲೇ ತುಂಬಿಸಿಕೊಳ್ಳಿ. 302ನೇ ಹೆದ್ದಾರಿಯಲ್ಲಿ ಕತ್ತಲಾದ ಮೇಲೆ ಓಡಿಸಬೇಡಿ, ಟ್ರಕ್ಕಿನವರಿಗೆ ದಾರಿ ಬಿಡಿ. ರೀಲ್ ಮಾಡಿದರೆ ನನಗೆ ಕಳಿಸಬೇಡಿ.