ಕುಸ್ಕೋದಲ್ಲಿ ಸಿಕ್ಕ ಮುಯ್ಯಾಳು

ಕುಸ್ಕೋಗೆ ಬಂದ ಮೊದಲ ವಾರ ನಾನು ಹಾಸಿಗೆ ಬಿಟ್ಟು ಎದ್ದದ್ದೇ ಕಡಿಮೆ. ಪೆರು ದೇಶದ ಈ ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ 2,000 ಮೀಟರ್ ಮುಟ್ಟುವುದಿಲ್ಲ. ಕಡಲ ತಡಿಯ ಲಿಮಾದಲ್ಲಿ ವಿಮಾನ ಹತ್ತಿ ಗಂಟೆ ಚಿಲ್ಲರೆಯಲ್ಲಿ ಇಲ್ಲಿ ಇಳಿದರೆ ಮೈ ಒಪ್ಪುವುದಿಲ್ಲ. ತಲೆ ಸಿಡಿಯುತ್ತದೆ, ನಾಲ್ಕು ಮೆಟ್ಟಿಲಿಗೇ ಏದುಸಿರು, ಅನ್ನ ಕಂಡರೆ ವಾಕರಿಕೆ. ಇಲ್ಲಿಯವರು ಅದಕ್ಕೆ ಸೊರೊಚೆ ಅನ್ನುತ್ತಾರೆ. ನಾನು ಬಾಡಿಗೆಗೆ ಹಿಡಿದ ಕೋಣೆಯ ಮನೆಯೊಡತಿಗೆ ಅರವತ್ತರ ಆಸುಪಾಸು. ದಿನಕ್ಕೆ ಮೂರು ಸಲ ಮೆಟ್ಟಿಲು ಹತ್ತಿ ಬಂದು ಮೂನ್ಯ ಸೊಪ್ಪಿನ ಕಷಾಯ ಕೊಟ್ಟರು. ಪುದೀನದಂತೆ ಘಮ್ಮೆನ್ನುವ ಬೆಟ್ಟದ ಗಿಡ ಅದು. ರಾತ್ರಿಗೆ ತೆಳ್ಳಗಿನ ಕೀನ್ವಾ ಗಂಜಿ. ಏಳನೆಯ ದಿನ ಓಡಾಡುವಂತಾದ ಮೇಲೆ 50 ಸೋಲ್‌ಗಳ ನೋಟೊಂದನ್ನು ತಟ್ಟೆಯ ಕೆಳಗಿಟ್ಟು ಕೆಲಸಕ್ಕೆ ಹೋದೆ.

ಸಂಜೆ ಬಂದು ನೋಡಿದರೆ ನೋಟು ನನ್ನ ದಿಂಬಿನ ಮೇಲಿತ್ತು. ಎರಡು ದಿನ ಅವರು ಮುಖ ಕೊಟ್ಟು ಮಾತಾಡಲಿಲ್ಲ. ಮೂರನೆಯ ದಿನ ಬಾಗಿಲಲ್ಲಿ ನಿಂತು ಹೇಳಿದ್ದಿಷ್ಟೆ: "ಭಾನುವಾರ ಚಿಂಚೆರೋದಲ್ಲಿ ನನ್ನ ತಮ್ಮನ ಹೊಲದಲ್ಲಿ ಆಲೂಗಡ್ಡೆ ಅಗೆಯುವುದಿದೆ. ನೀನೂ ಬಾ. ಅಯ್ನಿ."

ಅಯ್ನಿ ಇಲ್ಲಿಯ ಮೂಲಜನರ ಕೆಚುವಾ ಭಾಷೆಯ ಮಾತು. ಸ್ಪ್ಯಾನಿಷ್‌ನಲ್ಲಿ ಅದನ್ನು "ಇಂದು ನಿನಗೆ, ನಾಳೆ ನನಗೆ" ಎಂದು ಬಿಡಿಸಿ ಹೇಳುತ್ತಾರೆ. ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿದ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ನಾಟಿಯ ದಿನ ಕೇರಿಯವರೆಲ್ಲ ನಮ್ಮ ಗದ್ದೆಗೆ ಇಳಿಯುತ್ತಿದ್ದರು, ಮರುದಿನ ನಾವು ಅವರ ಗದ್ದೆಗೆ. ಕೂಲಿಯ ಮಾತಿಲ್ಲ. ಒಬ್ಬ ಬಂದರೆ ಒಬ್ಬ ಹೋಗಬೇಕು, ಅಷ್ಟೆ. ಅದು ಮುಯ್ಯಾಳು. ಅಡಿಕೆ ಸುಲಿಯುವ ರಾತ್ರಿಗಳಲ್ಲೂ ಹಾಗೇ. ಮದುವೆಯಲ್ಲಿ ಕೊಟ್ಟದ್ದನ್ನೂ ಮುಯ್ಯಿ ಎಂದೇ ಕರೆದೆವು. ಅಜ್ಜಿಗೆ ಯಾರ ಮನೆಯ ಮುಯ್ಯಿ ಎಷ್ಟು ಎಂಬುದು ಪುಸ್ತಕವಿಲ್ಲದೆ ಬಾಯಲ್ಲೇ ಇತ್ತು. ಅಂಥ ಮನೆಯಲ್ಲಿ ಬೆಳೆದವನು ನಾನು, ಏಳು ದಿನದ ಆರೈಕೆಯನ್ನು ಒಂದು ನೋಟಿನಲ್ಲಿ ಚುಕ್ತಾ ಮಾಡಲು ಹೊರಟಿದ್ದೆ. ಆ ನೋಟು ದಿಂಬಿನ ಮೇಲೆ ಬಿದ್ದುಕೊಂಡಿದ್ದದ್ದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಚಿಂಚೆರೋ ಕುಸ್ಕೋಗಿಂತಲೂ ಮೇಲಿದೆ, 3,700 ಮೀಟರ್ ದಾಟಿದ ಎತ್ತರ. ನಮ್ಮ ಕಡೆಯಂಥದ್ದೇ ಕೆಂಪು ಮಣ್ಣು, ಎದುರಿಗೆ ಹಿಮ ಹೊತ್ತ ಬೆಟ್ಟಗಳ ಸಾಲು. ನನ್ನ ಕೈಗೊಂದು ಗಿಡ್ಡ ಹಿಡಿಯ ಗುದ್ದಲಿ ಕೊಟ್ಟರು. ಬಗ್ಗಿ ನಾಲ್ಕು ಗುದ್ದಲಿ ಹಾಕಿ ನಿಂತು ಉಸಿರೆಳೆದುಕೊಳ್ಳಬೇಕು, ಮತ್ತೆ ನಾಲ್ಕು. ಪಕ್ಕದ ಸಾಲಿನಲ್ಲಿದ್ದ ಎಪ್ಪತ್ತರ ಅಜ್ಜ ನಿಲ್ಲದೆ ಮುಂದೆ ಹೋದರು. ಹಿಂದಿನಿಂದ ಹೆಂಗಸರು ಗಡ್ಡೆ ಆರಿಸುತ್ತ ಬಂದರು: ದೊಡ್ಡದು ಊಟಕ್ಕೆ, ನಡುವಿನದು ಬೀಜಕ್ಕೆ, ಗೋಲಿಯಷ್ಟಿದ್ದದ್ದು ಹೆಪ್ಪುಗಟ್ಟಿಸಿ ಒಣಗಿಸುವ ಚೂನ್ಯೋಗೆ. ಆಲೂಗಡ್ಡೆ ಹುಟ್ಟಿದ ಸೀಮೆ ಇದು, ಆಂಡಿಸ್ ಬೆಟ್ಟಗಳಲ್ಲಿ ಸಾವಿರಾರು ತಳಿಗಳಿವೆ. ಹಾಸನದ ಮಾರುಕಟ್ಟೆಯಲ್ಲಿ ನೋಡಿದ ಒಂದೇ ಬಣ್ಣದ ಗಡ್ಡೆಯನ್ನೇ ಆಲೂಗಡ್ಡೆ ಎಂದು ತಿಳಿದಿದ್ದ ನನ್ನ ಮುಂದೆ ನೇರಳೆ, ಕಪ್ಪು, ಹಳದಿ, ಒಳಗೆ ಉಂಗುರ ಬರೆದಂತಿರುವುದು, ಎಲ್ಲ ಬಿದ್ದಿದ್ದವು. ಮೈತುಂಬ ಗಂಟಿನ ಒಂದು ಗಡ್ಡೆಯ ಹೆಸರು ಕಾಚುನ್ ವಾಕಾಚಿ, ಅಂದರೆ ಸೊಸೆಯನ್ನು ಅಳಿಸುವುದು. ಹೊಸ ಸೊಸೆಗೆ ಅದರ ಸಿಪ್ಪೆ ಹೆರೆಯಲು ಕೊಟ್ಟು ಕೈಚಳಕ ನೋಡುತ್ತಿದ್ದರಂತೆ.

ಮಧ್ಯಾಹ್ನ ಹೊಲದಲ್ಲೇ ಅಡುಗೆ. ಒಣಗಿದ ಮಣ್ಣಿನ ಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿ ಗುಮ್ಮಟದಂಥ ಒಲೆ ಕಟ್ಟಿದರು. ಒಳಗೆ ಬೆಂಕಿ ಹಾಕಿ ಹೆಂಟೆ ಕೆಂಡದಂತೆ ಕಾದ ಮೇಲೆ ಆಗತಾನೆ ಅಗೆದ ಗಡ್ಡೆಗಳನ್ನು ಸುರಿದು, ಇಡೀ ಒಲೆಯನ್ನು ಅವುಗಳ ಮೇಲೇ ಕೆಡವಿ ಬಡಿದು ಮುಚ್ಚಿದರು. ಇದು ವಾತಿಯ. ಅರ್ಧ ಗಂಟೆಗೆ ಕೆದಕಿ ತೆಗೆದರೆ ಸುಟ್ಟ ಮಣ್ಣಿನ ಪರಿಮಳ ಹೊತ್ತ ಗಡ್ಡೆ, ನಂಚಿಕೊಳ್ಳಲು ಕಲ್ಲಿನಲ್ಲಿ ಅರೆದ ಮೆಣಸಿನಕಾಯಿಯ ಉಚುಕುತ. ಒರಳಲ್ಲಿ ರುಬ್ಬಿದ ಚಟ್ನಿಯ ರುಚಿ ಬಲ್ಲವರಿಗೆ ಅದರ ರುಚಿ ಹೇಳಬೇಕಾಗಿಲ್ಲ. ಯಾರೂ ಬಾಯಿಗಿಡುವ ಮೊದಲು ಆ ತಮ್ಮ ಎದ್ದು ನಿಂತು ಮುಸುಕಿನ ಜೋಳವನ್ನು ಹುಳಿ ಬರಿಸಿ ಮಾಡಿದ ಚೀಚಾವನ್ನು ಲೋಟದಿಂದ ನೆಲಕ್ಕೆ ಬಗ್ಗಿಸಿದರು, ಪಾಚಮಾಮಾಗೆ, ಭೂಮಿತಾಯಿಗೆ. ನನಗೆ ಭೂಮಿ ಹುಣ್ಣಿಮೆಯ ನಸುಕು ಕಣ್ಣಿಗೆ ಕಟ್ಟಿತು. ಅಮ್ಮ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ಅಪ್ಪ ಗದ್ದೆಗೆ ಹೋಗಿ ಹಚ್ಚಂಬಲಿ ಬೀರುವ ಹೊತ್ತು ಅದು. ಬಡಗಣ ಕರ್ನಾಟಕದವರಿಗೆ ಎಳ್ಳಮಾವಾಸ್ಯೆಯ ಚರಗ ನೆನಪಾದೀತು.

ಸಂಜೆ ಹೊರಡುವಾಗ ಮನೆಯೊಡತಿ ನನ್ನ ಕೈಗೆ ಒಂದು ಚೀಲ ಗಡ್ಡೆ ಇಟ್ಟು "ಪಾಪಂಚಿಸ್" ಅಂದರು. ಪಾಪ ಅಂದರೆ ಆಲೂಗಡ್ಡೆ ಎಂದಷ್ಟೇ ಆಗ ಗೊತ್ತಿತ್ತು. ಕೆಲವು ತಿಂಗಳ ಮೇಲೆ ಕೆಚುವಾ ಪಾಠಕ್ಕೆ ಸೇರಿದಾಗ ಆ ಮಾತಿನ ತೂಕ ತಿಳಿಯಿತು. ಕೆಚುವಾದಲ್ಲಿ "ನಮ್ಮ" ಎನ್ನಲು ಎರಡು ದಾರಿಗಳಿವೆ. "ಪಾಪಾಯ್ಕು" ಅಂದರೆ ನಮ್ಮ ಆಲೂಗಡ್ಡೆ, ಕೇಳುತ್ತಿರುವ ನಿನ್ನದಲ್ಲ. "ಪಾಪಂಚಿಸ್" ಅಂದರೆ ನಮ್ಮದು, ಅದರಲ್ಲಿ ನೀನೂ ಸೇರಿದೆ. ತುಳುವರು ಇದನ್ನು ಥಟ್ಟನೆ ಹಿಡಿಯುತ್ತಾರೆ. ಅವರ "ನಮ" ಬೇರೆ, "ಎಂಕುಲು" ಬೇರೆ. ಕನ್ನಡಕ್ಕೆ ಉಳಿದಿರುವುದು ಒಂದೇ "ನಾವು". ಒಂದು ದಿನ ಬೆನ್ನು ಬಗ್ಗಿಸಿದ್ದಕ್ಕೆ ಆ ತಾಯಿ ನನ್ನನ್ನು ಒಂದು ಪ್ರತ್ಯಯದಲ್ಲಿ ಒಳಗೆ ಕರೆದುಕೊಂಡಿದ್ದರು. ಅಲ್ಲಿಯವರೆಗೆ ನನ್ನನ್ನು "ಹೋವೆನ್", ಯುವಕ, ಎಂದು ಕರೆಯುತ್ತಿದ್ದವರು ಅಂದಿನಿಂದ "ಇಹೋ" ಅನ್ನುತ್ತಾರೆ, ಮಗಾ ಎಂದು. ನಾನು "ಮಾಮಾ" ಅನ್ನುತ್ತೇನೆ. ಅದು ಅಮ್ಮಾ ಎಂದ ಹಾಗೆಯೇ.

ಈ ಭಾಷೆ ಕಲಿಯುವುದು ಕನ್ನಡಿಗನಿಗೆ ಸುಲಭ ಎಂದು ಧೈರ್ಯವಾಗಿ ಹೇಳುತ್ತೇನೆ. ವಾಸಿ ಅಂದರೆ ಮನೆ, ವಾಸೀಪಿ ಅಂದರೆ ನನ್ನ ಮನೆಯಲ್ಲಿ. ಬಾಲಕ್ಕೆ ಬಾಲ ಅಂಟಿಸುತ್ತ ಹೋಗುವುದು ನಮಗೆ ಹುಟ್ಟಿನಿಂದ ಗೊತ್ತು. ಕ್ರಿಯಾಪದ ಕೊನೆಗೆ ಬರುತ್ತದೆ. ಕಣ್ಣಾರೆ ಕಂಡದ್ದಕ್ಕೆ ಒಂದು ಪ್ರತ್ಯಯ, ಕೇಳಿದ ಮಾತಿಗೆ ಇನ್ನೊಂದು. "ಪಾರಾಶನ್‌ಮಿ" ಅಂದರೆ ಮಳೆ ಬರುತ್ತಿದೆ, ನಾನೇ ಕಂಡೆ. "ಪಾರಾಶನ್ಸಿ" ಅಂದರೆ ಮಳೆ ಬರುತ್ತಿದೆಯಂತೆ. ತರಗತಿಯಲ್ಲಿ ಉಳಿದವರು ಇದರೊಡನೆ ವಾರಗಟ್ಟಲೆ ಗುದ್ದಾಡಿದರು, ನನಗೆ ನಮ್ಮ "ಅಂತೆ" ಇತ್ತು. 1975ರಲ್ಲೇ ಪೆರು ಕೆಚುವಾಗೆ ಅಧಿಕೃತ ಭಾಷೆಯ ಸ್ಥಾನ ಕೊಟ್ಟಿತು. 2017ರ ಜನಗಣತಿಯಲ್ಲಿ 37 ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ತಾಯ್ನುಡಿಯೆಂದು ಬರೆಸಿದ್ದಾರೆ. ಆದರೂ ನನ್ನ ಮನೆಯೊಡತಿಯ ಮೊಮ್ಮಕ್ಕಳು ಅಜ್ಜಿಯ ಕೆಚುವಾಗೆ ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಡುತ್ತಾರೆ. ಹೊರನಾಡಿನ ಎಷ್ಟು ಕನ್ನಡ ಮನೆಗಳಲ್ಲಿ ಇದೇ ನಡೆದಿಲ್ಲ!

ಈಗ ನನ್ನ ವಯಸ್ಸಿನ ಪ್ರವಾಸಿಗರ ಬಗ್ಗೆ ಒಂದು ಮಾತು. ದಿನವೂ ಅವರನ್ನು ನೋಡುತ್ತೇನೆ, ಈಚೆಗೆ ಬೆಂಗಳೂರಿನ ಹುಡುಗ ಹುಡುಗಿಯರೂ ಸಿಗುತ್ತಾರೆ. ಹದಿನೈದು ದಿನದಲ್ಲಿ ಲಿಮಾ, ಮಾಚು ಪಿಚು, ಟಿಟಿಕಾಕಾ ಸರೋವರ ಮುಗಿಸಬೇಕು. ಒಳ್ಳೆಯ ಮಕ್ಕಳೇ. ಆದರೆ ಎಲ್ಲಕ್ಕೂ ಅವರಲ್ಲಿರುವುದು ಒಂದೇ ಮಾತು: ದುಡ್ಡು ಕೊಟ್ಟೆವಲ್ಲ. ಹಳ್ಳಿಯ ಮನೆಯಲ್ಲಿ ರಾತ್ರಿ ಉಳಿದದ್ದಕ್ಕೂ ದುಡ್ಡು, ಹಾಡು ಹಾಡಿಸಿದ್ದಕ್ಕೂ ದುಡ್ಡು. ದುಡ್ಡು ಬೇಡ ಎಂದು ನಾನು ಹೇಳುವುದಿಲ್ಲ. ಪ್ರವಾಸಿಗರ ಹಣದಿಂದ ಇಲ್ಲಿ ಸಾವಿರಾರು ಒಲೆ ಉರಿಯುತ್ತವೆ. ಆದರೆ ದುಡ್ಡು ಕೊಟ್ಟ ಕ್ಷಣಕ್ಕೆ ಸಂಬಂಧ ಮುಗಿಯುತ್ತದೆ, ಬಾಕಿ ಉಳಿದರೆ ನಾಳೆ ಮತ್ತೆ ಬರಬೇಕಾಗುತ್ತದೆ. ಸಾನ್ ಪೆದ್ರೊ ಮಾರುಕಟ್ಟೆಯಲ್ಲಿ ತರಕಾರಿ ಮಾರುವ ತಾಯಿಯನ್ನು ಕೊಳ್ಳುವವರು "ಕಸೇರಾ" ಅನ್ನುತ್ತಾರೆ, ಆಕೆಯೂ ಖಾಯಂ ಗಿರಾಕಿಯನ್ನು ಹಾಗೇ ಕರೆಯುತ್ತಾಳೆ. ಒಬ್ಬಳ ಹತ್ತಿರವೇ ಕೊಳ್ಳುತ್ತಿದ್ದರೆ ತೂಗಿದ ಮೇಲೆ ಒಂದು ಹಿಡಿ ಹೆಚ್ಚು ಹಾಕುತ್ತಾಳೆ. ಅದು ಯಾಪಾ, ನಮ್ಮ ಕೊಸರು. ನಮ್ಮವರು ಇಲ್ಲಿಯೂ ಬಂದು ಅರ್ಧ ಬೆಲೆಗೆ ಚೌಕಾಸಿ ಮಾಡುತ್ತಾರೆ. ಎರಡು ಸೋಲ್ ಉಳಿಯುತ್ತದೆ, ಕೊಸರು ಸಿಗುವುದಿಲ್ಲ.

ಹಾಗೆಂದು ಅಯ್ನಿಯನ್ನೋ ಮುಯ್ಯಾಳನ್ನೋ ಪೂಜೆ ಮಾಡಿ ಕೂರುವವನೂ ನಾನಲ್ಲ. ನಮ್ಮ ಮುಯ್ಯಾಳು ಸರೀಕರ ನಡುವೆ ಮಾತ್ರ ನಡೆಯಿತು. ಗೇಣಿದಾರನಾಗಿದ್ದ ನನ್ನ ಮುತ್ತಜ್ಜ ಒಡೆಯರ ಮನೆಯಲ್ಲಿ ಮಾಡಿದ್ದು ಬಿಟ್ಟಿ ಚಾಕರಿ, ಅದಕ್ಕೆ ಯಾರೂ ತಿರುಗಿ ಬಂದು ನಾಟಿ ಮಾಡಿಕೊಡಲಿಲ್ಲ. ಇಲ್ಲಿಯೂ ಜಮೀನ್ದಾರರ ಅಸಿಯೆಂಡಾಗಳಲ್ಲಿ ಪೊಂಗೋ ಎಂಬ ಹೆಸರಿನಲ್ಲಿ ಒಕ್ಕಲುಗಳು ಬಿಟ್ಟಿ ದುಡಿದರು. ಕುಸ್ಕೋ ಪ್ರಾಂತ್ಯದ ಲಾ ಕೊನ್ವೆನ್ಸಿಯೋನ್ ಕಣಿವೆಯ ರೈತರು ಅದರ ವಿರುದ್ಧ ಎದ್ದು ನಿಂತರು. 1969ರ ಜೂನ್ 24ರಂದು ಹುವಾನ್ ವೆಲಾಸ್ಕೊ ಸರ್ಕಾರದ ಭೂಸುಧಾರಣೆ ಕಾಯ್ದೆ ಬಂತು. ನಮ್ಮಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ, 1974ರಲ್ಲಿ ದೇವರಾಜ ಅರಸರ ಕಾಲದ ಕಾಯ್ದೆ. ಅಜ್ಜ ಡಿಕ್ಲರೇಷನ್ ಹಾಕಿ ಪಡೆದ ಗದ್ದೆ ಅದರಿಂದ ಬಂದದ್ದು. ಚಿಂಚೆರೋದ ತಮ್ಮನಿಗೆ ಇದನ್ನು ಹೇಳಿದಾಗ ಅವರು ಗುದ್ದಲಿ ಊರಿ ನಿಂತು, ನಿಮ್ಮ ಅಜ್ಜನಿಗೆ ಎಷ್ಟು ನೆಲ ಬಂತು ಎಂದು ಕೇಳಿದರು. ಒಂದೂವರೆ ಎಕರೆ ಅಂದೆ. ತಲೆಯಾಡಿಸಿದರು. ಅವರ ಮನೆಗೂ ಅದಕ್ಕಿಂತ ಹೆಚ್ಚೇನೂ ಬಂದಿರಲಿಲ್ಲ.

ಜೂನ್ ತಿಂಗಳಲ್ಲಿ ಕೆಸ್ವಚಾಕಾಗೆ ಹೋಗಿದ್ದೆ. ಅಪುರಿಮಾಕ್ ನದಿಯ ಮೇಲೆ ಬರಿಯ ಹುಲ್ಲಿನ ಹಗ್ಗದಲ್ಲಿ ಕಟ್ಟುವ ತೂಗುಸೇತುವೆ ಅದು, ಸುಮಾರು 30 ಮೀಟರ್ ಉದ್ದ. ದಂಡೆಗಳ ನಾಲ್ಕು ಸಮುದಾಯಗಳು ಪ್ರತಿ ವರ್ಷ ಹಳೆಯದನ್ನು ಕಡಿದು ಹೊಳೆಗೆ ಬಿಟ್ಟು ಹೊಸದನ್ನು ಕಟ್ಟುತ್ತವೆ. ಪ್ರತಿ ಮನೆಯೂ ಹುಲ್ಲು ಹೊಸೆದ ಹಗ್ಗ ತರಬೇಕು. 2013ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ತನ್ನ ಪಟ್ಟಿಗೆ ಸೇರಿಸಿತು. ಕೊರೊನಾದಿಂದ 2020ರಲ್ಲಿ ಕಟ್ಟಲಾಗಲಿಲ್ಲ, 2021ರ ಮಾರ್ಚ್‌ನಲ್ಲಿ ಸೇತುವೆ ಹೊಳೆಗೆ ಬಿತ್ತು. ಅದೇ ಜೂನ್‌ನಲ್ಲಿ ಜನ ಸೇರಿ ಮತ್ತೆ ಕಟ್ಟಿದರು. ಒಂದು ವರ್ಷ ಜನ ಸೇರದಿದ್ದರೆ ಏನಾಗುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹತ್ತಿರದಲ್ಲೇ ವಾಹನ ಹೋಗುವ ಗಟ್ಟಿ ಸೇತುವೆ ಇದೆ. ಆದರೂ ಕಟ್ಟುತ್ತಾರೆ. ಅಲ್ಲಿ ನಿಂತವನಿಗೆ ನಮ್ಮೂರ ಹಳ್ಳದ ಕಾಲುಸಂಕ ನೆನಪಾಯಿತು. ಮಳೆಗಾಲಕ್ಕೆ ಮೊದಲು ಊರವರೆಲ್ಲ ಸೇರಿ ಅಡಿಕೆ ದಬ್ಬೆ ಹಾಕಿ ಕಟ್ಟುತ್ತಿದ್ದದ್ದು. ಶಾಲೆಗೆ ಹೋಗುವ ಮಕ್ಕಳು ಜೀವ ಕೈಯಲ್ಲಿ ಹಿಡಿದು ದಾಟುವ ಕಾಲುಸಂಕ ಉಳಿಯಲಿ ಎಂದು ನಾನು ಹೇಳಲಾರೆ, ಅಲ್ಲಿ ಸಿಮೆಂಟಿನದೇ ಆಗಬೇಕು. ಆದರೆ ಕಟ್ಟಲು ಸೇರುತ್ತಿದ್ದ ಆ ದಿನದ ಜಾಗಕ್ಕೆ ಊರಲ್ಲಿ ಬೇರೆ ಯಾವ ದಿನವೂ ಬಂದಿಲ್ಲ. ನಾಟಿಗೆ ಯಂತ್ರ ಬಂತು, ಅಡಿಕೆ ಸುಲಿಯಲು ಯಂತ್ರ ಬಂತು. ಮದುವೆಯ ಕಾಗದದಲ್ಲಿ "ಆಶೀರ್ವಾದವೇ ಉಡುಗೊರೆ" ಎಂದು ಅಚ್ಚಾಗುತ್ತಿದೆ. ಯಾರಿಗೂ ಭಾರವಾಗದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಬರೆಸುತ್ತಾರೆ. ನನಗೆ ಮಾತ್ರ ಆ ಸಾಲು ಓದಿದಾಗ ದಿಂಬಿನ ಮೇಲಿನ ನೋಟು ಕಾಣುತ್ತದೆ: ನಮಗೆ ನಿಮ್ಮ ಬಾಕಿ ಬೇಡ, ನಿಮಗೆ ನಮ್ಮದೂ ಬೇಡ.

ಮುಂದಿನ ವಾರ ಒಂದು ತಿಂಗಳ ರಜೆಗೆ ಊರಿಗೆ ಹೊರಟಿದ್ದೇನೆ. ಮಾಮಾ ಒಂದು ನೇಯ್ದ ಚೀಲದಲ್ಲಿ ಚೂನ್ಯೋ ಕಟ್ಟಿಕೊಟ್ಟಿದ್ದಾರೆ, "ನಿನ್ನ ಅಮ್ಮನಿಗೆ" ಎಂದು. ಹೋದ ಜೂನ್‌ನ ಮಂಜಿನ ರಾತ್ರಿಗಳಲ್ಲಿ ಬಯಲಲ್ಲಿ ಹರವಿ ಹೆಪ್ಪುಗಟ್ಟಿಸಿ, ಹಗಲು ಬಿಸಿಲಿಗೆ ಕರಗಿದಾಗ ಬರಿಗಾಲಲ್ಲಿ ತುಳಿದು ನೀರು ಹಿಂಡಿ, ಒಣಗಿಸಿದ ಗಡ್ಡೆ ಅದು. ಕಲ್ಲಿನಂತೆ ಗಟ್ಟಿ, ಆದರೆ ಹಗುರವಾದ ಕಪ್ಪು ಉಂಡೆಗಳು, ವರ್ಷಗಟ್ಟಲೆ ಕೆಡುವುದಿಲ್ಲ. ತುಳಿಯುವ ದಿನ ನಾನೂ ಹೋಗಿದ್ದೆ, ಕಾಲು ಜೋಮು ಹಿಡಿದದ್ದು ಮಧ್ಯಾಹ್ನದವರೆಗೂ ಬಿಡಲಿಲ್ಲ. ಮೇ ಕೊನೆಗೆ ನಾನು ಹಿಂತಿರುಗುತ್ತೇನೆ, ಮೇಲಿನ ಹೊಲದ ಅಗೆತಕ್ಕೆ ಜೂನ್ ಮೊದಲ ವಾರ ನನ್ನ ಹೆಸರನ್ನೂ ಆಗಲೇ ಹೇಳಿಟ್ಟಿದ್ದಾರೆ.

ನಿನ್ನೆ ರಾತ್ರಿ ಎಂಟಕ್ಕೆ ಮನೆಗೆ ಫೋನ್ ಮಾಡಿದೆ, ಅಲ್ಲಿ ಬೆಳಿಗ್ಗೆ ಆರೂವರೆ. ಅಪ್ಪ ಎತ್ತಿಕೊಂಡರು. ಅಮ್ಮ ಎಲ್ಲಿ ಎಂದು ಕೇಳಿದೆ. ಯಾರದೇ ಪಾತ್ರೆಯಾಗಲಿ ಚೀಲವಾಗಲಿ ಬರಿದಾಗಿ ಹಿಂದಕ್ಕೆ ಕಳಿಸಬಾರದು ಎಂದು ಪಕ್ಕದ ಮನೆಯವರನ್ನೂ ಕರೆದುಕೊಂಡು ಅಂಗಳದಲ್ಲಿ ಹಲಸಿನ ಹಪ್ಪಳಕ್ಕೆ ಕೂತಿದ್ದಾರಂತೆ.